ಪೆಟ್ಟಿಗೆ ಬಿಚ್ಚಿ ಬದುಕಿ

ವೀಸಾ ಕೈಗೆ ಬಂದ ಮೇಲೆ ಹೇಳಿಹೋಗಲು ಬರುವ ಹುಡುಗ ಹುಡುಗಿಯರು ನನ್ನನ್ನು ಕೇಳುವುದೆಲ್ಲ ಸಾಮಾನಿನ ವಿಷಯ. ಕುಕ್ಕರ್ ಎಷ್ಟು ಲೀಟರಿನದು ಒಯ್ಯಬೇಕು, ಅಮ್ಮ ಮಾಡಿಕೊಟ್ಟ ಸಾರಿನ ಪುಡಿಯನ್ನು ಕಸ್ಟಮ್ಸ್‌ನವರು ಬಿಡುತ್ತಾರಾ, ದಪ್ಪ ಜಾಕೆಟ್ಟು ಇಲ್ಲೇ ಕೊಳ್ಳುವುದಾ ಅಲ್ಲೇ ಕೊಳ್ಳುವುದಾ. ಇವಕ್ಕೆ ಯಾರು ಬೇಕಾದರೂ ಉತ್ತರ ಕೊಟ್ಟಾರು. ನಾನು ಹೇಳಬೇಕೆಂದಿರುವುದು ಬೇರೆ. ಮೊದಲು ದುಬೈಯಲ್ಲಿ, ಆಮೇಲೆ ನ್ಯೂಜೆರ್ಸಿಯಲ್ಲಿ ದುಡಿದು ಊರಿಗೆ ಮರಳಿದವನು ನಾನು. ಜೊತೆಗೆ ಹೋದವರು, ನನ್ನ ನಂತರ ಬಂದವರು ಅಲ್ಲಿ ಒಬ್ಬೊಬ್ಬರು ಒಂದೊಂದು ಥರದ ಮನುಷ್ಯರಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಒಂದೇ ಬೀದಿಯಲ್ಲಿ ಆಡಿ ಬೆಳೆದ ಇಬ್ಬರು, ಪರದೇಶದಲ್ಲಿ ಹತ್ತು ವರ್ಷ ಕಳೆಯುವಷ್ಟರಲ್ಲಿ ಒಬ್ಬರಿಗೊಬ್ಬರು ಗುರುತು ಸಿಗದಷ್ಟು ಬೇರೆಯಾಗಿರುತ್ತಾರೆ. ಅದಕ್ಕೆ ಹುಟ್ಟುಗುಣ ಅಂತ ಹೆಸರು ಕೊಟ್ಟು ಸುಮ್ಮನಾಗಬೇಡಿ. ಮೊದಲ ಎರಡು ಮೂರು ವರ್ಷಗಳಲ್ಲಿ ಮೈಗೂಡಿದ ಅಭ್ಯಾಸ, ಮತ್ತು ಆ ದೇಶದ ಕಾನೂನು ನಿಮ್ಮನ್ನು ಎಲ್ಲಿ ನಿಲ್ಲಿಸುತ್ತದೆ ಎಂಬುದು, ಇವೆರಡೂ ಸೇರಿ ಮನುಷ್ಯನನ್ನು ಬದಲಿಸುತ್ತವೆ. ಕಾನೂನು ನಿಮ್ಮ ಕೈಯಲ್ಲಿಲ್ಲ. ಅಭ್ಯಾಸ ಇದೆ.

ಎಲ್ಲರಿಗಿಂತ ಹೆಚ್ಚಾಗಿ ಸಿಗುವವರು ‘ಮುಂದಿನ ವರ್ಷ ವಾಪಸ್’ ಎನ್ನುವವರು. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಅಂಥವರ ಒಂದು ಮನೆ ನನಗೆ ಚೆನ್ನಾಗಿ ಗೊತ್ತು. ಬೇಸ್‌ಮೆಂಟಿಗೆ ಇಳಿದರೆ ಗೋಡೆಗೆ ಒತ್ತಿ ಜೋಡಿಸಿದ ಖಾಲಿ ರಟ್ಟಿನ ಪೆಟ್ಟಿಗೆಗಳು: ಟಿವಿಯದು, ಮಿಕ್ಸಿಯದು, ಮ್ಯೂಸಿಕ್ ಸಿಸ್ಟಮ್ಮಿನದು. ಒಳಗಿನ ಥರ್ಮೋಕೋಲ್ ಕೂಡ ಮುರಿಯದೆ ಹಾಗೇ ಇದೆ. ವಾಪಸ್ ಹೋಗುವಾಗ ಪ್ಯಾಕ್ ಮಾಡಲು ಬೇಕಲ್ಲ ಎಂದು ಇಟ್ಟದ್ದು. ಆ ಟಿವಿ ಕೆಟ್ಟಿತು, ಅದರ ನಂತರ ಬಂದದ್ದೂ ಕೆಟ್ಟಿತು, ಪೆಟ್ಟಿಗೆ ಮಾತ್ರ ಉಳಿದಿದೆ. ಮೇಲೆ ಹಾಲ್‌ನ ಗೋಡೆಗೆ ಒಂದು ಮೊಳೆ ಹೊಡೆದಿಲ್ಲ. ಹಿತ್ತಿಲಲ್ಲಿ ಒಂದು ಗಿಡ ನೆಟ್ಟಿಲ್ಲ. ನಾಲ್ಕು ವರ್ಷ ಬಿಟ್ಟು ಹಣ್ಣು ಕೊಡುವ ಗಿಡವನ್ನು ಯಾರಿಗಾಗಿ ನೆಡಲಿ ಎನ್ನುತ್ತಿದ್ದರು ಯಜಮಾನರು. ಪಕ್ಕದ ಮನೆಯವರ ಹೆಸರು ಅವರಿಗೆ ಗೊತ್ತಿರಲಿಲ್ಲ. ಮೊದಲು ಓದಿನ ಸಾಲ ತೀರಲಿ ಎಂದರು, ಆಮೇಲೆ ಗ್ರೀನ್ ಕಾರ್ಡ್ ಬರಲಿ ಎಂದರು, ಆಮೇಲೆ ಮಗಳ ಹೈಸ್ಕೂಲು ಮುಗಿಯಲಿ ಎಂದರು. ಮಗಳು ಓದು ಮುಗಿಸಿ ಬೇರೆ ರಾಜ್ಯಕ್ಕೆ ಕೆಲಸಕ್ಕೆ ಹೋದಳು. ಒಳ್ಳೆಯ ಮನುಷ್ಯ, ಯಾರಿಗೂ ಕೇಡು ಬಯಸಿದವರಲ್ಲ. ಆದರೆ ಬದುಕಿನ ಗಟ್ಟಿ ವರ್ಷಗಳನ್ನೆಲ್ಲ ಅವರು ಬಸ್‌ಸ್ಟ್ಯಾಂಡಿನಲ್ಲಿ ಕೂತವರ ಹಾಗೆ ಕಳೆದುಬಿಟ್ಟರು. ನೆನೆದರೆ ಈಗಲೂ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇದು ನಮ್ಮವರಿಗೆ ಮಾತ್ರ ಅಂಟಿದ್ದಲ್ಲ. ಷಿಕಾಗೋದಲ್ಲಿ ಬಟ್ಟೆ ಒಗೆಯುವ ಅಂಗಡಿ ಇಟ್ಟಿದ್ದ ಚೀನೀಯರ ನಡುವೆ ಓಡಾಡಿ ಅವರ ಬದುಕನ್ನು ಹತ್ತಿರದಿಂದ ನೋಡಿದ ಪಾಲ್ ಸಿಯು ಎಂಬ ಸಮಾಜಶಾಸ್ತ್ರಜ್ಞ 1952ರಲ್ಲೇ ಇಂಥವರ ಬಗ್ಗೆ ಬರೆದಿದ್ದಾನೆ. ಬಂದದ್ದು ಒಂದು ಕೆಲಸಕ್ಕೆ, ಅದು ಮುಗಿದ ತಕ್ಷಣ ಹೊರಡುತ್ತೇನೆ ಎಂದುಕೊಳ್ಳುತ್ತಲೇ ಮುದುಕರಾದವರು ಅವರು. ಅವರನ್ನು ಹಾಗೆ ಮಾಡಿದ್ದರಲ್ಲಿ ಅಮೆರಿಕದ ಕಾನೂನಿನ ಪಾಲು ದೊಡ್ಡದು. 1882ರಿಂದ 1943ರವರೆಗೆ ಚೀನೀ ಕಾರ್ಮಿಕರಿಗೆ ಬಾಗಿಲು ಮುಚ್ಚಿತ್ತು. ಒಳಗಿದ್ದ ಕಾರ್ಮಿಕರು ಹೆಂಡತಿಯನ್ನು ಕರೆತರುವಂತಿರಲಿಲ್ಲ, ಪೌರರಾಗುವಂತಿರಲಿಲ್ಲ. ಸಂಸಾರ ಹೂಡಲು ಬಿಡದ ಊರಿನಲ್ಲಿ ಯಾರು ತಾನೇ ಮನಸ್ಸು ಇಳಿಸಿಯಾರು?

ನಮಗೂ ಅಂಥದೊಂದು ಕಾಲ ಇತ್ತು. 1946ರ ಕಾನೂನಿನ ಪ್ರಕಾರ ಇಡೀ ಭಾರತದಿಂದ ವರ್ಷಕ್ಕೆ 100 ಜನರಿಗೆ ಮಾತ್ರ ಅಮೆರಿಕದಲ್ಲಿ ನೆಲೆಸಲು ಅವಕಾಶ. 1965ರಲ್ಲಿ ಆ ಬಾಗಿಲು ತೆರೆದ ಮೇಲೆಯೇ ನಮ್ಮ ಡಾಕ್ಟರು, ಇಂಜಿನಿಯರುಗಳು ಹೋದದ್ದು. ಈಗ ಹೋಗುವ ನಿಮ್ಮ ಪಾಡು ಇನ್ನೊಂದು ಥರ. ಕೆಲಸದ ವೀಸಾ ಎಚ್-1ಬಿ ಮೊದಲು ಮೂರು ವರ್ಷ, ಸಾಮಾನ್ಯವಾಗಿ ಒಟ್ಟು ಆರು. ಕೆಲಸದ ಆಧಾರದ ಮೇಲೆ ಕೊಡುವ ಗ್ರೀನ್ ಕಾರ್ಡು ವರ್ಷಕ್ಕೆ ಸುಮಾರು 1,40,000. ಅದರಲ್ಲಿ ಒಂದು ದೇಶದವರಿಗೆ ಶೇಕಡಾ 7ಕ್ಕಿಂತ ಹೆಚ್ಚು ಸಿಗುವುದು ಕಷ್ಟ. ಹಾಗಾಗಿ ನಮ್ಮವರ ಸಾಲು ದಶಕಗಳಷ್ಟು ಉದ್ದ. ಕೆಲಸ ಹೋದರೆ ಇನ್ನೊಂದು ಹುಡುಕಲು 60 ದಿನ. ಜೊತೆಗೆ ಕರೆದೊಯ್ದ ಮಗು, ಸಾಲು ಮುಗಿಯುವ ಮೊದಲೇ 21 ದಾಟಿದರೆ ತಂದೆತಾಯಿಯ ಅರ್ಜಿಯಿಂದ ಹೊರಬೀಳಬಹುದು. ಇದನ್ನೆಲ್ಲ ತಲೆಯ ಮೇಲೆ ಹೊತ್ತವನಿಗೆ ಗೋಡೆಗೆ ಮೊಳೆ ಹೊಡೆಯಲು ಕೈ ಬಾರದಿರುವುದು ನನಗೆ ಅರ್ಥವಾಗುತ್ತದೆ.

ಆದರೂ ಹೊಡೆಯಿರಿ ಎಂದೇ ಹೇಳುತ್ತೇನೆ. ಆರು ತಿಂಗಳ ಖರ್ಚನ್ನು ಬ್ಯಾಂಕಿನಲ್ಲಿಟ್ಟುಕೊಂಡು, ಕಾಗದಪತ್ರಗಳನ್ನು ಒಂದು ಫೈಲಿನಲ್ಲಿ ಸರಿಯಾಗಿಟ್ಟುಕೊಂಡು, ಆಮೇಲೆ ಆ ಊರಿನವರಾಗಿ ಬದುಕಿ. ಹೋದ ಮೊದಲ ವಾರವೇ ಲೈಬ್ರರಿಯ ಕಾರ್ಡು ಮಾಡಿಸಿ. ಅಕ್ಕಪಕ್ಕದ ಎರಡು ಮನೆಯ ಬಾಗಿಲು ತಟ್ಟಿ ಪರಿಚಯ ಹೇಳಿಕೊಳ್ಳಿ. ವಾಪಸ್ ಬರುವ ಆಸೆ ನಿಜವಾಗಿದ್ದರೆ ಗಂಡ ಹೆಂಡತಿ ಕೂತು ಯಾವ ವರ್ಷ, ಯಾವ ಊರಿಗೆ, ಯಾವ ಕೆಲಸಕ್ಕೆ ಅಂತ ಬರೆದಿಡಿ. ಬರೆಯಲಾಗದಿದ್ದರೆ ಆ ಮಾತನ್ನು ಮಕ್ಕಳೆದುರು ಆಡಬೇಡಿ. ಪ್ರತಿ ಬೇಸಿಗೆಯಲ್ಲೂ ‘ಇನ್ನೇನು ಹೊರಡುತ್ತೇವೆ’ ಎಂದು ಕೇಳಿಸಿಕೊಂಡ ಮಗು ಸ್ನೇಹ ಮಾಡುವುದನ್ನೇ ನಿಲ್ಲಿಸುತ್ತದೆ. ಅಂಥ ಮಕ್ಕಳನ್ನು ನಾನು ನೋಡಿದ್ದೇನೆ.

ಕೊಲ್ಲಿಗೆ ಹೋಗುವವರ ಮಾತು ಬೇರೆ. ಅಲ್ಲಿ ಪೌರತ್ವದ ಆಸೆ ಇಟ್ಟುಕೊಳ್ಳುವ ಹಾಗಿಲ್ಲ, ಕೆಲಸ ಮುಗಿದರೆ ಸಾಮಾನ್ಯವಾಗಿ ಊರೇ ಗತಿ. ಭಟ್ಕಳ, ಕುಂದಾಪುರ, ಉಡುಪಿ, ಮಂಗಳೂರು ಕಡೆ ಇದನ್ನು ತಿಳಿಯದ ಮನೆಯೇ ಇಲ್ಲ. ಯುಎಇಯಲ್ಲಿ ತಿಂಗಳಿಗೆ 4,000 ದಿರ್ಹಂ, ಅಥವಾ ವಸತಿಯ ಜೊತೆಗೆ 3,000 ಸಂಬಳ ಇಲ್ಲದವರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವಂತಿಲ್ಲ. ಹಾಗಾಗಿ ಒಂದು ರೂಮಿನಲ್ಲಿ ಆರೆಂಟು ಮಂದಿ, ಒಂದರ ಮೇಲೊಂದು ಮಂಚ. ರಜೆಗೆ ಹೊರಟವನ ಪೆಟ್ಟಿಗೆ ಕಟ್ಟುವ ರಾತ್ರಿ ಆ ರೂಮನ್ನು ನೋಡಬೇಕು. ಟ್ಯಾಂಗ್, ನಿಡೋ ಹಾಲಿನ ಪುಡಿ, ಟೈಗರ್ ಬಾಮ್, ಅಮ್ಮನಿಗೆ ಕೊಡಲಿ ಮಾರ್ಕಿನ ಎಣ್ಣೆ, ಮಗಳಿಗೆ ಬೊಂಬೆ, ಒಂದು ದಪ್ಪ ಕಂಬಳಿ. ತಕ್ಕಡಿಗೆ ಏರಿಸಿ ಇಳಿಸಿ, ತೂಕ ಹೆಚ್ಚಾದರೆ ತನ್ನ ಬಟ್ಟೆಯನ್ನು ತೆಗೆದಿಟ್ಟು ಹಾಲಿನ ಪುಡಿಯನ್ನು ಉಳಿಸುತ್ತಾನೆ. ರೂಮಿನವರೆಲ್ಲ ಸೇರಿ ಹಗ್ಗ ಬಿಗಿಯುತ್ತಾರೆ. ಕೊನೆಗೆ ಒಬ್ಬ ಮಾರ್ಕರಿನಲ್ಲಿ ಅವನ ಹೆಸರು, ಕೆಳಗೆ ದಪ್ಪಕ್ಷರದಲ್ಲಿ ಮಂಗಳೂರು ಎಂದು ಬರೆಯುತ್ತಾನೆ. ಇವರಷ್ಟು ಕೊಡುಗೈಯವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಮೆರಿಕಕ್ಕೆ ಹೋಗುವ ನೀವು ದುಬೈಯಲ್ಲಿ ವಿಮಾನ ಬದಲಿಸುವಾಗ, ಇಂಥವರು ಯಾರಾದರೂ ಕೈಯಲ್ಲಿ ಫಾರ್ಮು ಹಿಡಿದು ತುಂಬಿಕೊಡಿ ಎಂದು ಕೇಳಿದರೆ ಪಕ್ಕದಲ್ಲಿ ಕೂತು ತುಂಬಿಕೊಡಿ.

ಕೊಲ್ಲಿಗೇ ಹೋಗುವ ಹುಡುಗರಿಗೆ ಇಷ್ಟು ಹೇಳಬೇಕು. ಸರ್ಕಾರದ ಲೈಸೆನ್ಸ್ ಇಲ್ಲದ ಏಜೆಂಟನ ಕೈಗೆ ದುಡ್ಡು ಕೊಡಬೇಡಿ. ಪಾಸ್‌ಪೋರ್ಟನ್ನು ಮಾಲೀಕ ಇಟ್ಟುಕೊಳ್ಳುವುದು ಅಲ್ಲಿ ಕಾನೂನಿಗೆ ವಿರುದ್ಧ ಎಂಬುದು ನೆನಪಿರಲಿ. ಊರಿಗೆ ಕಳಿಸುವ ದುಡ್ಡಿನಲ್ಲಿ ಒಂದು ಪಾಲು ನಿಮ್ಮದೇ ಹೆಸರಿನಲ್ಲಿ ಉಳಿಯಲಿ. ತಂಗಿಯ ಮದುವೆ, ಅಣ್ಣನ ಮನೆ, ಅಪ್ಪನ ಆಸ್ಪತ್ರೆ ಎಂದು ಎಲ್ಲ ಕೊಟ್ಟು, ಐವತ್ತೈದಕ್ಕೆ ಸಕ್ಕರೆ ಕಾಯಿಲೆಯೊಂದಿಗೆ ಬರಿಗೈಲಿ ಮರಳಿದವರು ನಮ್ಮೂರಿನಲ್ಲೇ ಇದ್ದಾರೆ. ಕೇಳುವವರಿಗೆ ಇಲ್ಲ ಎನ್ನಲು ಕಷ್ಟವಾಗುತ್ತದೆ. ಆದರೂ ಕೆಲವು ಸಲ ಇಲ್ಲ ಎನ್ನಿ.

ಇನ್ನೆರಡು ಥರದವರ ಬಗ್ಗೆ ಹೆಚ್ಚು ಹೇಳಲಾರೆ. ಒಬ್ಬ, ವಿಮಾನ ಇಳಿದ ಮರುದಿನದಿಂದ ಊರನ್ನು ಹಳಿಯುವವ. ಇನ್ನೊಬ್ಬ, ಉಣ್ಣುವ ಅನ್ನ ಆ ನೆಲದ್ದಾದರೂ ಅಲ್ಲಿನ ಜನಕ್ಕೆ ಸಂಸ್ಕೃತಿಯಿಲ್ಲ, ಸಂಸಾರ ಗೊತ್ತಿಲ್ಲ ಎನ್ನುವವ. ಇಬ್ಬರೂ ಹತ್ತಿರದಿಂದ ಒಬ್ಬ ಮನುಷ್ಯನನ್ನೂ ನೋಡಿರುವುದಿಲ್ಲ. ಅವರ ಜೊತೆ ವಾದಕ್ಕೆ ಇಳಿಯಬೇಡಿ.

ಆದರೆ ಊರನ್ನು ಹೊರಟ ದಿನದಲ್ಲೇ ನಿಲ್ಲಿಸಿಕೊಂಡವರ ವಿಷಯ ಹಾಗಲ್ಲ, ಅದರಲ್ಲಿ ಪ್ರೀತಿ ಇದೆ. 1985ರ ಮಲ್ಲೇಶ್ವರವನ್ನು ಎದೆಯಲ್ಲಿಟ್ಟುಕೊಂಡು ಹೋದವರಿಗೆ ಅದೇ ಮಲ್ಲೇಶ್ವರ ಇಂದಿಗೂ ನಿಜ. ಕಷ್ಟ ಬರುವುದು ಅವರ ಹೆಣ್ಣುಮಕ್ಕಳಿಗೆ. ‘ನಮ್ಮೂರಲ್ಲಿ ಹುಡುಗಿಯರು ಹೀಗೆಲ್ಲ ಮಾಡುವುದಿಲ್ಲ’ ಎಂದು ಕೇಳುತ್ತ ಬೆಳೆದ ಹುಡುಗಿ ಬೆಂಗಳೂರಿಗೆ ಬಂದು ನೋಡಿದರೆ, ಅವಳ ಓರಗೆಯವರು ರಾತ್ರಿ ಪಾಳಿ ಮುಗಿಸಿ ಸ್ಕೂಟರಿನಲ್ಲಿ ಮನೆಗೆ ಬರುತ್ತಿರುತ್ತಾರೆ. ಊರನ್ನು ಪ್ರೀತಿಸುವುದಾದರೆ ಇವತ್ತಿನ ಊರನ್ನು ಪ್ರೀತಿಸಿ. ಈಗ ಬರೆಯುತ್ತಿರುವವರನ್ನು ಓದಿ, ಇಲ್ಲಿನ ನೀರಿನ ತೊಂದರೆ, ಶಾಲೆಯ ತೊಂದರೆ ತಿಳಿದಿರಲಿ.

ಮದುವೆಯಾಗಿ ಜೊತೆಯಲ್ಲಿ ಹೋಗುವ ಹುಡುಗಿಯರಿಗೆ, ಈಗೀಗ ಹುಡುಗರಿಗೂ, ಒಂದು ಎಚ್ಚರಿಕೆ. ಎಚ್-1ಬಿಯವರ ಜೊತೆ ಎಚ್-4 ವೀಸಾದಲ್ಲಿ ಅಮೆರಿಕಕ್ಕೆ ಹೋದವರಿಗೆ 2015ರವರೆಗೆ ಕೆಲಸ ಮಾಡುವ ಹಕ್ಕೇ ಇರಲಿಲ್ಲ. ಆಮೇಲೂ, ಸಂಗಾತಿಯ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದವರಿಗೆ ಮಾತ್ರ. ಇಲ್ಲಿ ಲೆಕ್ಚರರ್ ಆಗಿದ್ದವಳು, ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದವಳು ಅಲ್ಲಿ ಹಗಲಿಡೀ ಕಿಟಕಿಯ ಹೊರಗೆ ಹಿಮ ನೋಡುತ್ತ ಕೂರುತ್ತಾಳೆ. ಮಾತಾಳಿಯಾಗಿದ್ದವಳು ಎರಡೇ ವರ್ಷದಲ್ಲಿ ಮೂಕಿಯಾಗುತ್ತಾಳೆ, ಗಂಡ ಅದನ್ನು ಸ್ವಭಾವ ಎಂದುಕೊಳ್ಳುತ್ತಾನೆ. ಹೋದ ಮೊದಲ ತಿಂಗಳಲ್ಲೇ ಕಾರು ಓಡಿಸಲು ಕಲಿಯಿರಿ. ಅಮೆರಿಕದ ಹೆಚ್ಚಿನ ಊರುಗಳಲ್ಲಿ ಕಾರಿಲ್ಲದಿದ್ದರೆ ಹಾಲು ತರಲಿಕ್ಕೂ ಇನ್ನೊಬ್ಬರನ್ನು ಕಾಯಬೇಕು. ಬ್ಯಾಂಕಿನ ಖಾತೆಯಲ್ಲಿ ನಿಮ್ಮ ಹೆಸರೂ ಇರಲಿ. ಮತ್ತು ಗಂಡಂದಿರೇ, ಅವಳು ಬಿಟ್ಟು ಬಂದ ಕೆಲಸದ ಬಗ್ಗೆ ಆಗಾಗ ಕೇಳಿ, ಅವಳು ಹೇಳುವುದನ್ನು ಕೂತು ಕೇಳಿಸಿಕೊಳ್ಳಿ.

ಹಾಗಾದರೆ ಚೆನ್ನಾಗಿ ಬಾಳಿದವರು ಯಾರೂ ಇಲ್ಲವೇ ಎಂದರೆ, ಬೇಕಾದಷ್ಟು ಜನ ಇದ್ದಾರೆ. ಕಾದಂಬರಿಕಾರ ಅನಂತಮೂರ್ತಿಯವರು ಪಿಎಚ್.ಡಿ.ಗೆಂದು ಇಂಗ್ಲೆಂಡಿಗೆ ಹೋದವರು 1965ರಲ್ಲಿ ‘ಸಂಸ್ಕಾರ’ ಬರೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ ಕೂತು. ಮಲೆನಾಡಿನ ಅಗ್ರಹಾರವೊಂದು ಅವರಿಗೆ ಅಷ್ಟು ಸ್ಪಷ್ಟವಾಗಿ ಕಂಡದ್ದು ಅಷ್ಟು ದೂರ ಹೋದ ಮೇಲೆ. ಅವರು ಮೈಸೂರಿಗೆ ಮರಳಿದರು. ಮೈಸೂರಿನವರೇ ಆದ ಎ.ಕೆ. ರಾಮಾನುಜನ್ 1959ರಲ್ಲಿ ಅಮೆರಿಕಕ್ಕೆ ಹೋಗಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತ 1993ರಲ್ಲಿ ಅಲ್ಲೇ ತೀರಿಕೊಂಡರು. ವಚನಗಳನ್ನು ಇಂಗ್ಲಿಷಿಗೆ ತಂದು 1973ರಲ್ಲಿ ಜಗತ್ತಿಗೆ ಕೊಟ್ಟವರು, 1976ರಲ್ಲಿ ‘ಸಂಸ್ಕಾರ’ವನ್ನು ಇಂಗ್ಲಿಷಿಗೆ ತಂದವರು ಅವರೇ, ಜೊತೆಗೆ ಕೊನೆಯವರೆಗೂ ಕನ್ನಡದಲ್ಲಿ ಪದ್ಯ ಬರೆದರು. ಒಬ್ಬರು ಮರಳಿದರು, ಒಬ್ಬರು ಉಳಿದರು. ಯಾರು ಸರಿ ಎಂಬ ಪ್ರಶ್ನೆಗೆ ಇಲ್ಲಿ ಜಾಗವೇ ಇಲ್ಲ. ಊರಿನ ಹಂಬಲವನ್ನು ಇಬ್ಬರೂ ಕೆಲಸಕ್ಕೆ ಹಚ್ಚಿದರು, ನಾನು ನಿಮ್ಮಿಂದ ಬಯಸುವುದೂ ಅದನ್ನೇ.

ಸಾಹಿತಿಗಳಿಗೆ ಮಾತ್ರ ಇದು ಸಾಧ್ಯ ಎಂದುಕೊಳ್ಳಬೇಡಿ. ಕಲಬುರಗಿ ಕಡೆಯಿಂದ ಹೋದ ವೈದ್ಯ ನೀರಜ್ ಪಾಟೀಲ್ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಕೌನ್ಸಿಲರ್ ಆಗಿ, ಮೇಯರ್ ಆಗಿ ಆ ಊರಿನ ಕೆಲಸ ಮಾಡಿದರು. 2015ರಲ್ಲಿ ಥೇಮ್ಸ್ ದಂಡೆಯ ಮೇಲೆ ಬಸವಣ್ಣನ ಪ್ರತಿಮೆ ನಿಂತದ್ದು ಅವರ ಓಡಾಟದಿಂದ. ಶಿರಾ ತಾಲ್ಲೂಕಿನ ಚಂದ್ರ ಆರ್ಯ ಕೆನಡಾದ ಸಂಸತ್ತಿಗೆ ಗೆದ್ದು, 2022ರಲ್ಲಿ ಆ ಸಭೆಯಲ್ಲಿ ಎದ್ದುನಿಂತು ಕನ್ನಡದಲ್ಲಿ ಮಾತಾಡಿದರು. ಇಬ್ಬರೂ ಆ ದೇಶವನ್ನು ಪೂರ್ತಿ ತಮ್ಮದು ಮಾಡಿಕೊಂಡವರು, ಆದ್ದರಿಂದಲೇ ಅಲ್ಲಿ ಕನ್ನಡಕ್ಕೊಂದು ಜಾಗ ಕೊಡಿಸಲು ಅವರಿಂದಾಯಿತು. ಅಷ್ಟು ದೊಡ್ಡದೇನೂ ಬೇಡ ನಿಮಗೆ. ಭಾನುವಾರ ಬೆಳಿಗ್ಗೆ ಚಳಿಯಲ್ಲಿ ಎದ್ದು, ಹತ್ತು ಮಕ್ಕಳನ್ನು ಕೂರಿಸಿಕೊಂಡು ಅ ಆ ಇ ಈ ತಿದ್ದಿಸುವ ಹೆಣ್ಣುಮಕ್ಕಳು ಕನ್ನಡ ಕೂಟ ಇರುವಲ್ಲೆಲ್ಲ ಸಿಗುತ್ತಾರೆ. ಸಂಬಳವಿಲ್ಲ, ಸನ್ಮಾನವಿಲ್ಲ. ಹೋದ ಮೇಲೆ ಅಂಥವರನ್ನು ಹುಡುಕಿ, ಬೆಂಚು ಜೋಡಿಸುವ ಕೆಲಸದಿಂದಲಾದರೂ ಶುರುಮಾಡಿ. ಪರದೇಶದಲ್ಲಿ ನನಗೆ ಗಟ್ಟಿ ಸ್ನೇಹಿತರು ಸಿಕ್ಕಿದ್ದು ಅಂಥ ಕಡೆಯೇ.

ಇನ್ನು ತಂದೆತಾಯಿಯ ವಿಷಯ. ಇದರಲ್ಲಿ ಎಲ್ಲ ಥರದವರೂ ಒಂದೇ, ರಾತ್ರಿ ಎರಡಕ್ಕೆ ಫೋನ್ ಬಂದರೆ ಎಲ್ಲರ ಎದೆಯೂ ಧಸಕ್ಕೆನ್ನುತ್ತದೆ. ಊರಿನಲ್ಲಿ ಅವರನ್ನು ನೋಡಿಕೊಳ್ಳುವ ಅಣ್ಣನೋ ಅಕ್ಕನೋ ಇದ್ದರೆ, ವಾರಕ್ಕೊಮ್ಮೆ ಅಪ್ಪ ಅಮ್ಮನಿಗೆ ಮಾಡುವ ಹಾಗೆ ಅವರಿಗೂ ಬೇರೆಯಾಗಿ ಫೋನ್ ಮಾಡಿ. ಆಸ್ಪತ್ರೆಯಲ್ಲಿ ರಾತ್ರಿ ಕೂತವರು ಅವರು. ದೂರದಿಂದ ಔಷಧಿಯ ಹೆಸರು ಹುಡುಕಿ ಅವರನ್ನು ವಿಚಾರಣೆ ಮಾಡಬೇಡಿ. ಖರ್ಚಿನ ಮಾತನ್ನು ಹೊರಡುವ ಮೊದಲೇ ಎಲ್ಲರೂ ಕೂತು ಬಾಯಿಬಿಟ್ಟು ಆಡಿ. ರಜೆಗಳನ್ನು ಕೂಡಿಡಬೇಡಿ, ಅವರು ಎದ್ದು ಓಡಾಡುತ್ತಿರುವಾಗಲೇ ಬನ್ನಿ. ಬಂದಾಗ ನೆಂಟರ ಮನೆಗಳ ಪಟ್ಟಿ ಹಿಡಿದು ಊರು ಸುತ್ತದೆ, ಮೊದಲ ಒಂದು ವಾರ ಅವರ ಜೊತೆ ಮನೆಯಲ್ಲೇ ಇರಿ.