ಮಿಲಿಯನ್ ಎಂದರೆ ಎಷ್ಟು? ಬಿಲಿಯನ್ ಎಂದರೆ ಎಷ್ಟು?



ಒಂದು ಸಂಘದಲ್ಲಿ ನಡೆದ ಸಂಗತಿಯಿಂದ ಈ ಪಾಠವನ್ನು ಆರಂಭಿಸೋಣ. ಆ ಸಂಘದ ಹಾಲಿನ ಮಾದರಿಯನ್ನು ಡೇರಿಯ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಚೀಟಿ ಕಳುಹಿಸಿದ್ದರು. ಹಾಲಿನಲ್ಲಿದ್ದ ಸೂಕ್ಷ್ಮಜೀವಿಗಳ ಸಂಖ್ಯೆಯ ಮುಂದೆ ಇಂಗ್ಲಿಷಿನಲ್ಲಿ "6 ಮಿಲಿಯನ್" ಎಂದು ಬರೆದಿತ್ತು. ಪಕ್ಕದ ಊರಿನ ಸಂಘದ ಚೀಟಿಯಲ್ಲಿ ಕನ್ನಡದಲ್ಲಿ "2 ಲಕ್ಷ" ಎಂದಿತ್ತು. ಎರಡನ್ನೂ ನೋಡಿದ ಸದಸ್ಯರೊಬ್ಬರು, "ನಮ್ಮದು ಬರೀ ಆರು, ಅವರದು ಎರಡು ಲಕ್ಷ. ನಮ್ಮ ಹಾಲೇ ಮೇಲು" ಎಂದು ಸಂತೋಷಪಟ್ಟರು. ಚೀಟಿ ಕಡತ ಸೇರಿತು. ಹದಿನೈದು ದಿನದೊಳಗೆ ಆ ಸಂಘದ ಎರಡು ಕ್ಯಾನ್ ಹಾಲು ಹುಳಿಯಾಗಿದೆಯೆಂದು ಹಿಂದಕ್ಕೆ ಬಂತು.

ಇದರಲ್ಲಿ ಆ ಸದಸ್ಯರ ತಪ್ಪೇನೂ ಇರಲಿಲ್ಲ. ಆ ಒಂದು ಇಂಗ್ಲಿಷ್ ಪದದ ಅಳತೆ ಅವರಿಗೆ ಗೊತ್ತಿರಲಿಲ್ಲ, ಅಷ್ಟೆ. ಇಂದು ಪತ್ರಿಕೆ, ವಾರ್ಷಿಕ ವರದಿ, ಪರೀಕ್ಷೆಯ ಚೀಟಿ, ಪಶು ಆಹಾರದ ಜಾಹೀರಾತು ಎಲ್ಲೆಲ್ಲೂ ಇಂಥ ಪದಗಳು ಬರುತ್ತವೆ. ಅವುಗಳನ್ನು ನಮ್ಮ ಲಕ್ಷ, ಕೋಟಿಗಳಿಗೆ ಇಳಿಸಿ, ಅಲ್ಲಿಂದ ನಮ್ಮ ಕ್ಯಾನಿಗೆ ಇಳಿಸಿ ನೋಡುವುದು ಹೇಗೆಂದು ತಿಳಿಯೋಣ.

ಎರಡು ಬಗೆಯ ಏಣಿ

ನಮ್ಮ ಲೆಕ್ಕದಲ್ಲಿ ಸಾವಿರದ ನಂತರ ನೂರು ನೂರಾಗಿ ಏರುತ್ತೇವೆ. ನೂರು ಸಾವಿರಕ್ಕೆ ಒಂದು ಲಕ್ಷ, ನೂರು ಲಕ್ಷಕ್ಕೆ ಒಂದು ಕೋಟಿ. ಇಂಗ್ಲಿಷಿನ ಲೆಕ್ಕದಲ್ಲಿ ಸಾವಿರದ ನಂತರ ಸಾವಿರ ಸಾವಿರವಾಗಿ ಏರುತ್ತಾರೆ. ಸಾವಿರ ಸಾವಿರಕ್ಕೆ ಒಂದು ಮಿಲಿಯನ್, ಸಾವಿರ ಮಿಲಿಯನ್ನಿಗೆ ಒಂದು ಬಿಲಿಯನ್, ಸಾವಿರ ಬಿಲಿಯನ್ನಿಗೆ ಒಂದು ಟ್ರಿಲಿಯನ್. ಹೀಗಾಗಿ:

1 ಮಿಲಿಯನ್ = 10 ಲಕ್ಷ (1ರ ಮುಂದೆ 6 ಸೊನ್ನೆ)
10 ಮಿಲಿಯನ್ = 1 ಕೋಟಿ (7 ಸೊನ್ನೆ)
1 ಬಿಲಿಯನ್ = 100 ಕೋಟಿ (9 ಸೊನ್ನೆ)
1 ಟ್ರಿಲಿಯನ್ = 1 ಲಕ್ಷ ಕೋಟಿ (12 ಸೊನ್ನೆ)

ಕನ್ನಡ ಪತ್ರಿಕೆಗಳಲ್ಲಿ ಮಿಲಿಯನ್‌ಗೆ ದಶಲಕ್ಷ ಎಂದೂ ಬಿಲಿಯನ್‌ಗೆ ಶತಕೋಟಿ ಎಂದೂ ಬರೆಯುವುದುಂಟು. ನೆನಪಿಗೆ ಎರಡು ಸೂತ್ರ ಸಾಕು. ಮಿಲಿಯನ್ನನ್ನು ಕೋಟಿ ಮಾಡಲು ಹತ್ತರಿಂದ ಭಾಗಿಸಿರಿ. ಬಿಲಿಯನ್ನನ್ನು ಕೋಟಿ ಮಾಡಲು ನೂರರಿಂದ ಗುಣಿಸಿರಿ.

ಮನೆಯಲ್ಲಿ ಹಳೆಯ ಇಂಗ್ಲಿಷ್ ನಿಘಂಟು ಇದ್ದವರು ಒಂದು ವಿಷಯ ಗಮನಿಸಬೇಕು. ಹಿಂದೆ ಬ್ರಿಟನ್ನಿನಲ್ಲಿ ಬಿಲಿಯನ್ ಎಂದರೆ ಮಿಲಿಯನ್ ಮಿಲಿಯನ್, ಅಂದರೆ ನಮ್ಮ ಒಂದು ಲಕ್ಷ ಕೋಟಿ. ಅಮೆರಿಕದಲ್ಲಿ ಮಾತ್ರ ಅದು 100 ಕೋಟಿ. 1974ರಲ್ಲಿ ಬ್ರಿಟನ್ ಸರ್ಕಾರವೂ ತನ್ನ ಅಂಕಿ ಅಂಶಗಳಲ್ಲಿ 100 ಕೋಟಿಯ ಲೆಕ್ಕವನ್ನೇ ಬಳಸುವುದಾಗಿ ತಿಳಿಸಿತು. ಆದ್ದರಿಂದ ಇಂದಿನ ಬರಹಗಳಲ್ಲಿ ಬಿಲಿಯನ್ ಎಂದರೆ 100 ಕೋಟಿ ಎಂದೇ ತಿಳಿಯಬೇಕು.

ಅಲ್ಪವಿರಾಮದ ಜಾಗ ನೋಡಿರಿ

ಹತ್ತು ಲಕ್ಷವನ್ನು ನಾವು 10,00,000 ಎಂದು ಬರೆಯುತ್ತೇವೆ. ಇಂಗ್ಲಿಷ್ ಕ್ರಮದಲ್ಲಿ ಅದೇ ಸಂಖ್ಯೆ 1,000,000. ಸೊನ್ನೆಗಳು ಅಷ್ಟೇ, ಅಲ್ಪವಿರಾಮದ ಜಾಗ ಮಾತ್ರ ಬೇರೆ. ಅವಸರದಲ್ಲಿ ಓದಿದರೆ 1,000,000ವನ್ನು ಒಂದು ಲಕ್ಷ ಎಂದುಕೊಳ್ಳುವ ಅಪಾಯವಿದೆ. ಬಲಗಡೆಯಿಂದ ಸೊನ್ನೆಗಳನ್ನು ಬೆರಳಿಟ್ಟು ಎಣಿಸುವುದೇ ಕ್ಷೇಮ.

ಡೇರಿಯ ಸಾಮರ್ಥ್ಯವನ್ನು ಹೇಳುವಾಗ ಟಿ.ಎಲ್.ಪಿ.ಡಿ. ಎಂಬ ಅಕ್ಷರಗಳನ್ನು ಕಾಣುತ್ತೀರಿ. ಅದರ ಅರ್ಥ ದಿನಕ್ಕೆ ಇಷ್ಟು ಸಾವಿರ ಲೀಟರ್ ಎಂದು. 500 ಟಿ.ಎಲ್.ಪಿ.ಡಿ. ಎಂದರೆ ದಿನಕ್ಕೆ 5 ಲಕ್ಷ ಲೀಟರ್. ಎಲ್.ಎಲ್.ಪಿ.ಡಿ. ಎಂದಿದ್ದರೆ ದಿನಕ್ಕೆ ಇಷ್ಟು ಲಕ್ಷ ಲೀಟರ್ ಎಂದರ್ಥ.

ಟನ್, ಕಿಲೋ, ಲೀಟರ್

ಅಂಕಿಯಷ್ಟೇ ಮುಖ್ಯವಾದುದು ಅದರ ಅಳತೆ. ಮೆಟ್ರಿಕ್ ಟನ್ ಎಂದರೆ 1,000 ಕಿಲೋ. ಹಾಲು ನೀರಿಗಿಂತ ಸ್ವಲ್ಪ ಭಾರ. ಒಂದು ಲೀಟರ್ ಹಾಲಿನ ತೂಕ ಸುಮಾರು 1.03 ಕಿಲೋ. ಒಂದು ಕಡೆ ಕಿಲೋ, ಇನ್ನೊಂದು ಕಡೆ ಲೀಟರ್ ಇದ್ದರೆ ಸಾವಿರಕ್ಕೆ ಮೂವತ್ತರ ವ್ಯತ್ಯಾಸ ಬರುತ್ತದೆ. ಹತ್ತು ಲೀಟರ್ ಹಾಕುವವರಿಗೆ ಇದು ಸಣ್ಣದೆನಿಸಬಹುದು. ದಿನಕ್ಕೆ ಒಂದು ಲಕ್ಷ ಲೀಟರಿನ ಲೆಕ್ಕದಲ್ಲಿ ಅದೇ ಮೂರು ಸಾವಿರವಾಗುತ್ತದೆ.

ದೇಶದ ಹಾಲು, ಒಬ್ಬರ ಲೋಟ

ಈಗ ದೊಡ್ಡ ಅಂಕಿಯೊಂದನ್ನು ಬಿಡಿಸೋಣ. ಕೇಂದ್ರ ಸರ್ಕಾರದ ಅಂಕಿ ಅಂಶದಂತೆ 2023-24ರಲ್ಲಿ ಭಾರತದ ಹಾಲಿನ ಉತ್ಪಾದನೆ 239.30 ಮಿಲಿಯನ್ ಟನ್. 1950-51ರಲ್ಲಿ ಇದು 17 ಮಿಲಿಯನ್ ಟನ್ ಮಾತ್ರ ಇತ್ತು.

ಮೊದಲ ಹೆಜ್ಜೆ: ಹತ್ತರಿಂದ ಭಾಗಿಸಿದರೆ 23.93 ಕೋಟಿ ಟನ್.
ಎರಡನೆಯ ಹೆಜ್ಜೆ: ಟನ್ನಿಗೆ ಸಾವಿರ ಕಿಲೋ ಹಿಡಿದರೆ 23,930 ಕೋಟಿ ಕಿಲೋ.
ಮೂರನೆಯ ಹೆಜ್ಜೆ: ಆ ವರ್ಷದ 366 ದಿನಗಳಿಂದ ಭಾಗಿಸಿದರೆ ದಿನಕ್ಕೆ ಸುಮಾರು 65.4 ಕೋಟಿ ಕಿಲೋ.
ನಾಲ್ಕನೆಯ ಹೆಜ್ಜೆ: ಇದನ್ನು ಸುಮಾರು 139 ಕೋಟಿ ಜನರಿಗೆ ಹಂಚಿದರೆ ತಲೆಗೆ 470 ಗ್ರಾಂ ಆಸುಪಾಸು.

ಸರ್ಕಾರದ ವರದಿಯಲ್ಲಿಯೂ ತಲಾ 471 ಗ್ರಾಂ ಎಂದೇ ಇದೆ. 239.30 ಮಿಲಿಯನ್ ಟನ್ ಎಂದಾಗ ಕಣ್ಣಿಗೆ ಏನೂ ಕಾಣಲಿಲ್ಲ. ತಲೆಗೆ ಅರ್ಧ ಲೀಟರಿಗಿಂತ ಸ್ವಲ್ಪ ಕಡಿಮೆ ಎಂದಾಗ ಮನೆಯ ಪಾತ್ರೆ ಕಣ್ಣ ಮುಂದೆ ಬಂತು. ದೊಡ್ಡ ಅಂಕಿಯನ್ನು ಓದುವ ಕ್ರಮವೇ ಇದು.

ಇನ್ನೊಂದು ಉದಾಹರಣೆ. 2024ರ ಜೂನ್ ಕೊನೆಯಲ್ಲಿ ಕರ್ನಾಟಕ ಹಾಲು ಮಹಾಮಂಡಳಿಯ ಒಂದು ದಿನದ ಹಾಲು ಶೇಖರಣೆ 1 ಕೋಟಿ ಲೀಟರ್ ದಾಟಿತು. ಇಂಗ್ಲಿಷಿನಲ್ಲಿ ಇದೇ 10 ಮಿಲಿಯನ್ ಲೀಟರ್. ಅಷ್ಟು ಹಾಲಿಗೆ ಲೀಟರಿಗೆ ಒಂದೇ ರೂಪಾಯಿ ಹೆಚ್ಚುಕಡಿಮೆಯಾದರೂ ದಿನಕ್ಕೆ ಒಂದು ಕೋಟಿ ರೂಪಾಯಿಯ ಮಾತು.

ನಮ್ಮ ಹಾಲಿನಲ್ಲಿರುವ ಮಿಲಿಯನ್

ಮೊದಲು ಹೇಳಿದ ಚೀಟಿಗೆ ಮರಳೋಣ. 6 ಮಿಲಿಯನ್ ಎಂದರೆ 60 ಲಕ್ಷ. ಅಂದರೆ ಪಕ್ಕದ ಸಂಘದ ಹಾಲಿಗಿಂತ ಆ ಹಾಲಿನಲ್ಲಿ ಮೂವತ್ತು ಪಟ್ಟು ಹೆಚ್ಚು ಸೂಕ್ಷ್ಮಜೀವಿಗಳಿದ್ದವು. ಅದೂ ಒಂದು ಮಿಲಿಲೀಟರಿನಲ್ಲಿ! ಹಸಿ ಹಾಲನ್ನು ಈ ಸಂಖ್ಯೆಯ ಮೇಲೆ ವಿಂಗಡಿಸಲು ಭಾರತೀಯ ಮಾನಕದಲ್ಲಿ ಹೇಳಿರುವ ಮಟ್ಟಗಳು ಹೀಗಿವೆ (ಪ್ರತಿ ಮಿಲಿಲೀಟರಿಗೆ):

2 ಲಕ್ಷದವರೆಗೆ: ಬಹಳ ಉತ್ತಮ
2 ಲಕ್ಷದಿಂದ 10 ಲಕ್ಷ (1 ಮಿಲಿಯನ್): ಉತ್ತಮ
10 ಲಕ್ಷದಿಂದ 50 ಲಕ್ಷ (5 ಮಿಲಿಯನ್): ಸಾಧಾರಣ
50 ಲಕ್ಷಕ್ಕಿಂತ ಹೆಚ್ಚು: ಕಳಪೆ

ಇಷ್ಟು ದೊಡ್ಡ ಸಂಖ್ಯೆ ಎಲ್ಲಿಂದ ಬಂತು? ಲೆಕ್ಕಕ್ಕಾಗಿ, ಕರೆದ ಹಾಲಿನ ಒಂದು ಮಿಲಿಲೀಟರಿನಲ್ಲಿ 5 ಸಾವಿರ ಸೂಕ್ಷ್ಮಜೀವಿಗಳಿವೆ ಎಂದೂ, ಬೆಚ್ಚಗಿನ ಹಾಲಿನಲ್ಲಿ ಅವು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತವೆ ಎಂದೂ ಇಟ್ಟುಕೊಳ್ಳೋಣ. ಒಂದು ಗಂಟೆಗೆ 20 ಸಾವಿರ, ಎರಡು ಗಂಟೆಗೆ 80 ಸಾವಿರ, ಮೂರು ಗಂಟೆಗೆ 3 ಲಕ್ಷ 20 ಸಾವಿರ, ನಾಲ್ಕು ಗಂಟೆಗೆ 12 ಲಕ್ಷ 80 ಸಾವಿರ, ಐದು ಗಂಟೆಗೆ 51 ಲಕ್ಷ 20 ಸಾವಿರ. ಬಹಳ ಉತ್ತಮವಾಗಿದ್ದ ಹಾಲು ಐದೇ ಗಂಟೆಯಲ್ಲಿ ಕಳಪೆ! ಎಲ್ಲ ಸೂಕ್ಷ್ಮಜೀವಿಗಳೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ ನಿಜ. ಆದರೆ ಕೊಳೆ ಪಾತ್ರೆಯಿಂದಾಗಿ ಆರಂಭದಲ್ಲೇ 50 ಸಾವಿರ ಇದ್ದರೆ ಆ ಮಟ್ಟ ಇನ್ನೂ ಬೇಗ ಬರುತ್ತದೆ ಎಂಬುದನ್ನು ಊಹಿಸಿಕೊಳ್ಳಬಹುದು.

ಆದ್ದರಿಂದಲೇ ಕೆಚ್ಚಲು ತೊಳೆದು ಒರೆಸಿ ಕರೆಯಿರಿ, ಮೊದಲ ಒಂದೆರಡು ಧಾರೆ ಬೇರೆ ತೆಗೆಯಿರಿ, ಒಣಗಿದ ಶುಚಿಯಾದ ಸ್ಟೀಲ್ ಪಾತ್ರೆ ಬಳಸಿರಿ, ಕರೆದ ಕೂಡಲೇ ಸಂಘಕ್ಕೆ ತನ್ನಿರಿ ಎಂದು ಹೇಳುವುದು. 4 ಡಿಗ್ರಿ ಸೆಲ್ಸಿಯಸ್‌ಗೆ ತಂಪಾದ ಮೇಲೆ ಈ ಇಮ್ಮಡಿಯಾಟ ಬಹಳ ನಿಧಾನವಾಗುತ್ತದೆ. ಅಲ್ಲಿಯವರೆಗಿನ ಸಮಯ ನಮ್ಮ ಕೈಯಲ್ಲಿದೆ.

ಬಿಲಿಯನ್ನಿನಲ್ಲಿ ಅರ್ಧ ಪಾಲು

ವಿಚಿತ್ರವೆಂದರೆ, ಅತಿ ಸಣ್ಣ ಪ್ರಮಾಣವನ್ನು ಹೇಳಲೂ ಇದೇ ದೊಡ್ಡ ಪದಗಳನ್ನು ಬಳಸುತ್ತಾರೆ. ಪಿ.ಪಿ.ಎಂ. ಎಂದರೆ ಮಿಲಿಯನ್ನಿನಲ್ಲಿ ಒಂದು ಪಾಲು, ಅಂದರೆ ಒಂದು ಟನ್ನಿನಲ್ಲಿ ಒಂದು ಗ್ರಾಂ. ಪಿ.ಪಿ.ಬಿ. ಎಂದರೆ ಬಿಲಿಯನ್ನಿನಲ್ಲಿ ಒಂದು ಪಾಲು, ಅಂದರೆ ಸಾವಿರ ಟನ್ನಿನಲ್ಲಿ ಒಂದು ಗ್ರಾಂ.

ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಹತ್ತಿಕಾಳು ಹಿಂಡಿ, ಮೆಕ್ಕೆಜೋಳಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಹಸು ಅದನ್ನು ತಿಂದರೆ ಹಾಲಿನಲ್ಲಿ ಅಫ್ಲಾಟಾಕ್ಸಿನ್ ಎಂ-1 ಆಗಿ ಇಳಿಯುತ್ತದೆ. ಕಾಯಿಸಿದರೂ ಅದು ಹೋಗುವುದಿಲ್ಲ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಂತೆ ಹಾಲಿನಲ್ಲಿ ಅದರ ಮಿತಿ 0.5 ಪಿ.ಪಿ.ಬಿ. ಇದನ್ನು ನಮ್ಮ ಅಳತೆಗೆ ಇಳಿಸಿದರೆ ಸಾವಿರ ಟನ್ ಹಾಲಿನಲ್ಲಿ ಅರ್ಧ ಗ್ರಾಂ. ಹತ್ತು ಸಾವಿರ ಲೀಟರಿನ ಸುಮಾರು 97 ಟ್ಯಾಂಕರ್ ಹಾಲಿಗೆ ಅರ್ಧ ಗ್ರಾಂ! "ಒಂದು ಹಿಡಿ ಬೂಷ್ಟು ಹಿಂಡಿಯಿಂದ ಏನಾದೀತು" ಎನ್ನುವ ಮುನ್ನ ಈ ಲೆಕ್ಕ ನೆನಪಾಗಲಿ. ಹಿಂಡಿ ಚೀಲವನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಹಲಗೆಯ ಮೇಲೆ ಒಣ ಜಾಗದಲ್ಲಿಡಿರಿ. ಬೂಷ್ಟು ಬಂದದ್ದನ್ನು ರಾಸುಗಳಿಗೆ ಹಾಕಬೇಡಿರಿ.

ಅಂಕಿಯಲ್ಲದ ದೊಡ್ಡ ಮಾತುಗಳು

ನಾವು ರಾಶಿ ರಾಶಿ, ಗಾಡಿಗಟ್ಟಲೆ, ಲೆಕ್ಕವಿಲ್ಲದಷ್ಟು ಎನ್ನುವಂತೆ ಇಂಗ್ಲಿಷಿನಲ್ಲೂ ಅಂಕಿಯಂತೆ ಕಂಡು ಅಂಕಿಯಲ್ಲದ ಮಾತುಗಳಿವೆ. ಟನ್ಸ್ ಆಫ್ ಎಂದರೆ ಟನ್ನು ತೂಗಿದ್ದಾರೆಂದಲ್ಲ, ಬಹಳ ಎಂದಷ್ಟೇ. ಹೀಪ್ಸ್ ಆಫ್, ಲೋಡ್ಸ್ ಆಫ್ ಕೂಡ ಹಾಗೆಯೇ. ಅಂಪ್ಟೀನ್ ಎಂದರೆ ಎಷ್ಟೋ ಸಲ. ಝಿಲಿಯನ್ ಎಂಬ ಸಂಖ್ಯೆಯೇ ಇಲ್ಲ. ಅದು ಮಾತಿನ ಅಬ್ಬರ. 1970ರಲ್ಲಿ ಆರಂಭವಾದ ಆಪರೇಷನ್ ಫ್ಲಡ್ ಯೋಜನೆಯ ಹೆಸರಿನಲ್ಲಿರುವ ಫ್ಲಡ್ ಎಂದರೂ ಪ್ರವಾಹ, ಹಾಲಿನ ಹೊಳೆ ಎಂಬ ಅರ್ಥ.

ಮಾತಿನಲ್ಲಿ ಇವು ಚೆಂದ, ವ್ಯವಹಾರದಲ್ಲಿ ಅಲ್ಲ. "ಈ ಪುಡಿ ತಿನ್ನಿಸಿ ಸಾವಿರಾರು ರೈತರು ಲಾಭ ಪಡೆದಿದ್ದಾರೆ" ಎಂದು ಯಾರಾದರೂ ಮಾರಲು ಬಂದರೆ ಕೇಳಿರಿ: ಯಾವ ಊರಿನಲ್ಲಿ? ಎಷ್ಟು ರಾಸುಗಳಿಗೆ? ದಿನಕ್ಕೆ ಎಷ್ಟು ಲೀಟರ್ ಹೆಚ್ಚಿತು? ಪುಡಿಯ ಖರ್ಚೆಷ್ಟು? ಉತ್ತರ ಅಂಕಿಯಲ್ಲಿ ಬಾರದಿದ್ದರೆ ಹಣ ಜೇಬಿನಲ್ಲೇ ಇರಲಿ.

ವರದಿ ಕೈಗೆ ಬಂದಾಗ

ವಾರ್ಷಿಕ ವರದಿಯ ಪಟ್ಟಿಯ ಮೇಲಿನ ಮೂಲೆಯನ್ನು ಮೊದಲು ಓದಿರಿ. ರೂ. ಲಕ್ಷಗಳಲ್ಲಿ ಎಂದಿದೆಯೋ, ಮಿಲಿಯನ್‌ಗಳಲ್ಲಿ ಎಂದಿದೆಯೋ ಅಲ್ಲಿರುತ್ತದೆ. ಮಿಲಿಯನ್‌ಗಳಲ್ಲಿ 1,200 ಎಂದಿದ್ದರೆ ಅದು 120 ಕೋಟಿ ರೂಪಾಯಿ. ಆ ಒಕ್ಕೂಟ ದಿನಕ್ಕೆ ಒಂದು ಲಕ್ಷ ಲೀಟರಿನಂತೆ ವರ್ಷಕ್ಕೆ 365 ಲಕ್ಷ ಲೀಟರ್ ಶೇಖರಿಸಿದ್ದರೆ, ಲೀಟರಿಗೆ ಸುಮಾರು 32 ರೂ. 88 ಪೈಸೆ ವಹಿವಾಟು ನಡೆದಂತಾಯಿತು. ಇದು ಉತ್ಪಾದಕರಿಗೆ ಸಂದ ದರವಲ್ಲ. ಸಾಗಣೆ, ಸಂಸ್ಕರಣೆ, ಪ್ಯಾಕಿಂಗ್ ವೆಚ್ಚಗಳೂ ಇದರಲ್ಲಿವೆ. ಹಾಗಾದರೆ ನಮಗೆ ಸಂದದ್ದೆಷ್ಟು, ಪ್ರತಿ ವೆಚ್ಚಕ್ಕೆ ಲೀಟರಿಗೆ ಎಷ್ಟು ಪೈಸೆ ಎಂದು ಸರ್ವ ಸದಸ್ಯರ ಸಭೆಯಲ್ಲಿ ಕೇಳುವುದು ಪ್ರತಿ ಸದಸ್ಯರ ಹಕ್ಕು. ಲೀಟರಿಗೆ ಹತ್ತು ಪೈಸೆ ಎಂಬುದು ಇದೇ ಒಕ್ಕೂಟಕ್ಕೆ ವರ್ಷಕ್ಕೆ 36 ಲಕ್ಷ 50 ಸಾವಿರ ರೂಪಾಯಿ. ದಿನಕ್ಕೆ ಹತ್ತು ಲೀಟರ್ ಹಾಕುವ ಮನೆಗೆ ವರ್ಷಕ್ಕೆ 365 ರೂಪಾಯಿ.

ಅಭ್ಯಾಸ

ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರೊಡನೆ ಕುಳಿತು ಮಾಡಿರಿ.

1. 2.5 ಮಿಲಿಯನ್ ಲೀಟರ್ ಎಂದರೆ ಎಷ್ಟು ಲಕ್ಷ ಲೀಟರ್?
2. 0.75 ಬಿಲಿಯನ್ ರೂಪಾಯಿ ಎಂದರೆ ಎಷ್ಟು ಕೋಟಿ?
3. 300 ಟಿ.ಎಲ್.ಪಿ.ಡಿ. ಡೇರಿಯ ಸಾಮರ್ಥ್ಯ ದಿನಕ್ಕೆ ಎಷ್ಟು ಲೀಟರ್?
4. ಒಂದು ಹಾಲಿನ ಸೂಕ್ಷ್ಮಜೀವಿ ಸಂಖ್ಯೆ 0.8 ಮಿಲಿಯನ್, ಇನ್ನೊಂದರದು 9 ಲಕ್ಷ. ಯಾವುದು ಮೇಲು?

ಉತ್ತರಗಳು: (1) 25 ಲಕ್ಷ. (2) 75 ಕೋಟಿ. (3) 3 ಲಕ್ಷ. (4) ಮೊದಲನೆಯದು, ಅದು 8 ಲಕ್ಷ.

ನಾಲ್ಕನೆಯದಕ್ಕೆ ಸರಿಯುತ್ತರ ಬಂದಿದ್ದರೆ, ನಿಮ್ಮ ಸಂಘಕ್ಕೆ ಬಂದಿರುವ ಕೊನೆಯ ಪರೀಕ್ಷೆಯ ಚೀಟಿಯನ್ನು ಕಾರ್ಯದರ್ಶಿಯವರಿಂದ ಪಡೆದು ನಾಳೆ ಬೆಳಿಗ್ಗೆಯೇ ಓದಿ ನೋಡಿರಿ.