ಗಾಣ ನಿಲ್ಲದಿರಲಿ: ಸಕ್ಕರೆ ಕಾರ್ಖಾನೆಗೆ ನಿರ್ವಹಣಾ ತಂತ್ರಾಂಶ ಅಳವಡಿಸುವ ಬಗೆ

ದಿನಕ್ಕೆ 5,000 ಟನ್ ಕಬ್ಬು ನುರಿಸುವ ಕಾರ್ಖಾನೆ ಒಂದು ಗಂಟೆ ನಿಂತರೆ ಸುಮಾರು 208 ಟನ್ ಕಬ್ಬು ಅಂಗಳದಲ್ಲೇ ಉಳಿಯುತ್ತದೆ. ಕಡಿದ ಕಬ್ಬು ಕಾಯುವುದಿಲ್ಲ. ಬಿಸಿಲಿಗೆ ತೂಕ ಇಳಿಯುತ್ತದೆ, ಒಳಗಿನ ಸುಕ್ರೋಸ್ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ, ಅದು ಹರಳುಗಟ್ಟದೆ ಕಾಕಂಬಿಯ ಪಾಲಾಗುತ್ತದೆ. ಗೇಟಿನ ಹೊರಗೆ ಟ್ರ್ಯಾಕ್ಟರುಗಳ ಸಾಲು ಬೆಳೆಯುತ್ತಿದ್ದಾಗ ಒಳಗೆ ಹೋಗಿ ನಿಂತದ್ದೇಕೆ ಎಂದು ಕೇಳಿದರೆ ಕಾರಣ ಎಷ್ಟೋ ಸಲ ಚಿಕ್ಕದಾಗಿರುತ್ತದೆ: ಇಂಟರ್ ಕ್ಯಾರಿಯರ್‌ನ ಚೈನ್ ಪಿನ್, ರಸದ ಪಂಪಿನ ಗ್ಲ್ಯಾಂಡ್, ವಾರಗಟ್ಟಲೆ ಗ್ರೀಸ್ ಕಾಣದ ಬೇರಿಂಗ್.

ಇಂಥ ಸುಳಿವುಗಳು ಮೊದಲೇ ಎಲ್ಲೋ ಬರೆದಿರುತ್ತವೆ. ಬೇರಿಂಗ್ ಬಿಸಿಯಾಗುತ್ತಿದೆ ಎಂದು ಪಾಳಿಯ ಲಾಗ್ ಬುಕ್ಕಿನಲ್ಲಿ ಒಂದು ಸಾಲು, ಮೋಟರ್ ಹೆಚ್ಚು ಆಂಪಿಯರ್ ಎಳೆಯುತ್ತಿದೆ ಎಂದು ಎಲೆಕ್ಟ್ರಿಕಲ್ ರಿಜಿಸ್ಟರಿನಲ್ಲಿ ಇನ್ನೊಂದು, ಅದೇ ಬೇರಿಂಗ್ ಕಳೆದ ತಿಂಗಳೂ ಹೋಗಿತ್ತು ಎಂದು ಸ್ಟೋರ್ಸಿನ ಇಂಡೆಂಟಿನಲ್ಲಿ ಮತ್ತೊಂದು. ಮೂರನ್ನೂ ಒಟ್ಟಿಗೆ ಓದುವವರು ಇರುವುದಿಲ್ಲ. ಅವನ್ನು ಒಂದೇ ಯಂತ್ರದ ಹೆಸರಿನ ಕೆಳಗೆ ತರುವುದೇ ನಿರ್ವಹಣಾ ತಂತ್ರಾಂಶದ ಕೆಲಸ. ಉದ್ಯಮದ ಮಂದಿ ಇದನ್ನು ಸಿಎಂಎಂಎಸ್ ಎನ್ನುತ್ತಾರೆ. ದೊಡ್ಡ ಕಂಪನಿಗಳಲ್ಲಿ ಸ್ಯಾಪ್‌ನ ಪ್ಲಾಂಟ್ ಮೇಂಟೆನೆನ್ಸ್ ವಿಭಾಗ, ಐಬಿಎಂನ ಮ್ಯಾಕ್ಸಿಮೊ ಬಳಕೆಯಲ್ಲಿವೆ. ಮುಕ್ತ ತಂತ್ರಾಂಶ ಬೇಕೆನ್ನುವವರು ಮುಂಬೈ ಮೂಲದ ಫ್ರಾಪೆ ಸಂಸ್ಥೆಯ ಇಆರ್‌ಪಿನೆಕ್ಸ್ಟ್‌ನಿಂದ ಶುರು ಮಾಡಬಹುದು.

ನಾನು ಕೆಲಸ ಮಾಡಿದ ಕಾರ್ಖಾನೆಯೊಂದರಲ್ಲಿ ಇಂಥದ್ದೊಂದು ತಂತ್ರಾಂಶ ಬಂದು ಒಂದೇ ಹಂಗಾಮಿನಲ್ಲಿ ಮೂಲೆ ಸೇರಿತು. ಖರೀದಿ ಬಿಲ್ಲುಗಳಲ್ಲಿದ್ದ ಹೆಸರುಗಳನ್ನೇ ಯಂತ್ರಗಳ ಪಟ್ಟಿಯೆಂದು ತುಂಬಿದ್ದರು. ಫಿಟ್ಟರ್‌ಗೆ ತಾನು ದಿನವೂ ಮುಟ್ಟುವ ಪಂಪು ಆ ಪಟ್ಟಿಯಲ್ಲಿ ಎಲ್ಲಿದೆ ಎಂಬುದೇ ಸಿಗಲಿಲ್ಲ. ಅದಕ್ಕೇ ಹೇಳುತ್ತೇನೆ, ಮೊದಲ ಎರಡು ತಿಂಗಳು ಕಂಪ್ಯೂಟರನ್ನು ಪಕ್ಕಕ್ಕಿಡಿ. ಯಂತ್ರಗಳ ಪಟ್ಟಿ ಮಾಡುವುದೇ ಮೊದಲ ಕೆಲಸ, ಅದಕ್ಕೆ ತಕ್ಕ ಕಾಲ ಹಂಗಾಮು ಮುಗಿದ ಮರುದಿನದಿಂದ ಶುರುವಾಗುತ್ತದೆ.

ಜಾಗಕ್ಕೊಂದು ಹೆಸರು, ಯಂತ್ರಕ್ಕೊಂದು ಹೆಸರು

ಕಾರ್ಖಾನೆಯನ್ನು ಒಂದು ಮರವಾಗಿ ಬರೆದುಕೊಳ್ಳಿ. ಮಿಲ್ ಹೌಸ್, ಬಾಯ್ಲರ್, ಪವರ್ ಹೌಸ್, ಬಾಯ್ಲಿಂಗ್ ಹೌಸ್ ದೊಡ್ಡ ಕೊಂಬೆಗಳು. ಮಿಲ್ ಹೌಸಿನ ಕೆಳಗೆ ಕೇನ್ ಕ್ಯಾರಿಯರ್, ಫೈಬ್ರೈಜರ್, ಒಂದೊಂದು ಮಿಲ್ಲು. 3ನೇ ಮಿಲ್ಲಿನ ಕೆಳಗೆ ಟಾಪ್, ಫೀಡ್, ಡಿಸ್ಚಾರ್ಜ್ ರೋಲರುಗಳು, ಟ್ರ್ಯಾಶ್ ಪ್ಲೇಟ್, ಗೇರ್ ಬಾಕ್ಸ್, ಹೈಡ್ರಾಲಿಕ್. ಎಷ್ಟು ಆಳಕ್ಕೆ ಇಳಿಯಬೇಕು ಎಂಬ ಗೊಂದಲ ಎಲ್ಲರಿಗೂ ಬರುತ್ತದೆ. ಯಾವ ಭಾಗವನ್ನು ನೀವು ಬೇರೆಯಾಗಿ ಬಿಚ್ಚಿ ಬದಲಿಸುತ್ತೀರೋ ಅಲ್ಲಿಯವರೆಗೆ ಇಳಿಯಿರಿ, ನಟ್ಟು ಬೋಲ್ಟಿನವರೆಗೆ ಬೇಡ.

ಇಲ್ಲಿ ತಪ್ಪಿದರೆ ಮುಂದೆಲ್ಲ ತಪ್ಪುವ ಸಂಗತಿಯೊಂದಿದೆ. ‘3ನೇ ಮಿಲ್ಲಿನ ಟಾಪ್ ರೋಲರ್’ ಎಂಬುದು ಒಂದು ಜಾಗ. ಆ ಜಾಗದಲ್ಲಿ ಈ ವರ್ಷ ಕುಳಿತಿರುವ ರೋಲರ್ ಒಂದು ವಸ್ತು. ರೋಲರ್ ಸವೆಯುತ್ತದೆ, ಗ್ರೂವ್ ಮತ್ತೆ ತೆಗೆಸುತ್ತೀರಿ, ಹೊಸ ಶೆಲ್ ಹಾಕಿಸುತ್ತೀರಿ, ವ್ಯಾಸ ಇಳಿದದ್ದನ್ನು ಬೇರೆ ಮಿಲ್ಲಿಗೆ ಕೂರಿಸುವುದೂ ಉಂಟು. ಆಗ ವಸ್ತು ಹೋಯಿತು, ಜಾಗ ಉಳಿಯಿತು. ಎರಡಕ್ಕೂ ಒಂದೇ ಹೆಸರಿಟ್ಟಿದ್ದರೆ ರೋಲರಿನ ಶಾಫ್ಟಿಗೆ ಪ್ರತಿ ಆಫ್ ಸೀಸನ್‌ನಲ್ಲಿ ಮಾಡಿಸುವ ಅಲ್ಟ್ರಾಸಾನಿಕ್ ಪರೀಕ್ಷೆಯ ವರದಿ ಹಳೆಯ ಜಾಗದಲ್ಲೇ ಬಿದ್ದಿರುತ್ತದೆ. ಹೋದ ವರ್ಷ ಕೂದಲೆಳೆಯಷ್ಟಿದ್ದ ಬಿರುಕು ಈ ವರ್ಷ ಎಷ್ಟು ಬೆಳೆದಿದೆ ಎಂದು ಹೋಲಿಸಲು ದಾರಿಯೇ ಇರುವುದಿಲ್ಲ. ಶಾಫ್ಟಿನ ತುದಿಯಲ್ಲಿ ಕೊರೆದ ಸಂಖ್ಯೆಯನ್ನೇ ವಸ್ತುವಿನ ಸಂಖ್ಯೆಯಾಗಿ ಹಿಡಿಯಿರಿ. ಮೋಟರ್, ಪಂಪು, ಗೇರ್ ಬಾಕ್ಸುಗಳಿಗೂ ಇದೇ ಕ್ರಮ. ಒಳ್ಳೆಯ ತಂತ್ರಾಂಶಗಳೆಲ್ಲ ಜಾಗ ಮತ್ತು ಯಂತ್ರವನ್ನು ಬೇರೆಯಾಗಿ ದಾಖಲಿಸಲು ಬಿಡುತ್ತವೆ. ಬಿಡದ ತಂತ್ರಾಂಶವನ್ನು ಕೊಳ್ಳಬೇಡಿ.

ಪಟ್ಟಿಯನ್ನು ಕಚೇರಿಯಲ್ಲಿ ಕೂತು ಮಾಡಬೇಡಿ. ಒಬ್ಬ ಹಿರಿಯ ಫಿಟ್ಟರ್, ಒಬ್ಬ ಎಲೆಕ್ಟ್ರಿಷಿಯನ್, ಮೊಬೈಲ್ ಹಿಡಿದ ಒಬ್ಬ ಹುಡುಗ, ಮೂವರೂ ಸೇರಿ ಕ್ಯಾರಿಯರಿನಿಂದ ಗೋದಾಮಿನವರೆಗೆ ನಡೆಯಲಿ. ನೇಮ್ ಪ್ಲೇಟಿನ ಮೇಲಿನ ಬಣ್ಣ ಕೆರೆದು ಫೋಟೊ ತೆಗೆಯಲಿ. ಜೊತೆಗೆ ಮಂದಿ ಆ ಯಂತ್ರವನ್ನು ಏನೆಂದು ಕರೆಯುತ್ತಾರೆ ಎಂಬುದನ್ನೂ ಬರೆದುಕೊಳ್ಳಲಿ. ಡ್ರಾಯಿಂಗಿನಲ್ಲಿ ‘ಇಂಬೈಬಿಷನ್ ಪಂಪ್ 2’ ಎಂದಿದ್ದರೂ ಪಾಳಿಯವರಿಗೆ ಅದು ‘ಮೆಟ್ಟಿಲ ಕೆಳಗಿನ ಪಂಪು’. ಈ ಕರೆಯುವ ಹೆಸರಿಗೂ ತಂತ್ರಾಂಶದಲ್ಲಿ ಒಂದು ಅಂಕಣ ಇಡಿ, ಅದೂ ಕನ್ನಡ ಲಿಪಿಯಲ್ಲಿ. ರಾತ್ರಿ ಪಾಳಿಯಲ್ಲಿ ಹುಡುಕುವವನು ಆ ಹೆಸರಿನಿಂದಲೇ ಹುಡುಕುತ್ತಾನೆ. ಯಂತ್ರದ ಮೇಲೆ ಕ್ಯೂಆರ್ ಚೀಟಿ ಅಂಟಿಸುವುದಾದರೆ ಲೋಹದ ಫಲಕದ ಮೇಲೇ ಆಗಲಿ, ಮಿಲ್ ಹೌಸಿನ ರಸ, ಸಿಪ್ಪೆ, ಗ್ರೀಸಿನ ನಡುವೆ ಕಾಗದ ಒಂದು ವಾರವೂ ಬಾಳುವುದಿಲ್ಲ.

ಎಲ್ಲವೂ ಒಂದೇ ಅಲ್ಲ

ಪ್ರತಿ ಯಂತ್ರಕ್ಕೂ ಮೂರು ಪ್ರಶ್ನೆ ಹಾಕಿ. ಇದು ನಿಂತರೆ ಅರೆಯುವಿಕೆ ನಿಲ್ಲುತ್ತದೆಯೇ? ಇದು ಕೆಟ್ಟರೆ ಯಾರಿಗಾದರೂ ಏಟಾಗುತ್ತದೆಯೇ? ಪಕ್ಕದಲ್ಲಿ ಸ್ಟ್ಯಾಂಡ್‌ಬೈ ಇದೆಯೇ? ಬಾಯ್ಲರಿನ ಐಡಿ ಫ್ಯಾನ್, ಫೈಬ್ರೈಜರ್, ಮಿಲ್ಲುಗಳ ಗೇರ್ ಬಾಕ್ಸ್ ಮೊದಲ ದರ್ಜೆ. ಜೋಡಿಯಿರುವ ರಸದ ಪಂಪು ಎರಡನೆಯದು. ಕಚೇರಿಯ ನೀರಿನ ಪಂಪು ಕೆಟ್ಟಾಗ ರಿಪೇರಿ ಮಾಡಿದರೆ ಸಾಕು. ಮೊದಲ ವರ್ಷ ಮೊದಲ ದರ್ಜೆಯವನ್ನು ಮಾತ್ರ ತಂತ್ರಾಂಶಕ್ಕೆ ಪೂರ್ತಿಯಾಗಿ ತುಂಬಿ.

ವೇಳಾಪಟ್ಟಿಗೆ ಹಂಗಾಮಿನ ಲೆಕ್ಕ

ತಂತ್ರಾಂಶ ಮಾರುವವರು ತೋರಿಸುವ ಮಾದರಿಯಲ್ಲಿ ‘ಪ್ರತಿ 30 ದಿನಕ್ಕೆ’ ಎಂದಿರುತ್ತದೆ. ವರ್ಷವಿಡೀ ಓಡುವ ಸಿಮೆಂಟ್ ಕಾರ್ಖಾನೆಗೆ ಅದು ಸರಿಹೊಂದೀತು. ಸಕ್ಕರೆ ಕಾರ್ಖಾನೆ ಕೆಲವು ತಿಂಗಳು ಹಗಲು ರಾತ್ರಿ ಓಡಿ ಉಳಿದ ತಿಂಗಳು ಬಿಚ್ಚಿಕೊಂಡು ಮಲಗುತ್ತದೆ. ದಿನದ ಲೆಕ್ಕ ಇಟ್ಟರೆ ಜೂನ್‌ನಲ್ಲಿ, ಬಿಚ್ಚಿಟ್ಟ ಗೇರ್ ಬಾಕ್ಸಿಗೆ ಎಣ್ಣೆ ಹಾಕಿ ಎಂದು ಚೀಟಿ ಬರುತ್ತದೆ. ಅಂಥ ಹತ್ತು ಚೀಟಿಯನ್ನು ಕಣ್ಣು ಮುಚ್ಚಿ ‘ಮುಗಿದಿದೆ’ ಎಂದು ಒತ್ತಿದ ಮೇಲೆ ಹನ್ನೊಂದನೆಯ ನಿಜವಾದ ಚೀಟಿಗೂ ಅದೇ ಗತಿ. ಆದ್ದರಿಂದ ಓಡಿದ ಗಂಟೆಗಳ ಲೆಕ್ಕ ಇಡಿ. ಸವೆಯುವ ಭಾಗಗಳಿಗೆ, ಅಂದರೆ ಫೈಬ್ರೈಜರ್ ಹ್ಯಾಮರ್, ಟ್ರ್ಯಾಶ್ ಪ್ಲೇಟಿನಂಥವಕ್ಕೆ, ನುರಿಸಿದ ಕಬ್ಬಿನ ಟನ್ ಲೆಕ್ಕ ಇನ್ನೂ ಒಳ್ಳೆಯದು. ಮಣ್ಣು ಮೆತ್ತಿದ ಕಬ್ಬು ಬಂದ ವರ್ಷ ಅವು ಬೇಗ ಸವೆಯುವುದನ್ನೂ ಅದೇ ದಾಖಲೆ ತೋರಿಸುತ್ತದೆ. ಆಫ್ ಸೀಸನ್‌ಗೆ ಬೇರೆ ಪಟ್ಟಿ: ನಿಂತ ಮೋಟರುಗಳ ಇನ್ಸುಲೇಷನ್ ಅಳತೆ, ಶಾಫ್ಟ್ ತಿರುಗಿಸಿಡುವುದು, ತುಕ್ಕು ತಡೆ.

ಎಲ್ಲವನ್ನೂ ಅವಧಿಗೆ ಸರಿಯಾಗಿ ಬಿಚ್ಚಿ ನೋಡಬೇಕೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. 1978ರಲ್ಲಿ ಅಮೆರಿಕದ ಯುನೈಟೆಡ್ ಏರ್‌ಲೈನ್ಸ್‌ನ ಸ್ಟ್ಯಾನ್ಲಿ ನೌಲನ್ ಮತ್ತು ಹೊವಾರ್ಡ್ ಹೀಪ್ ವಿಮಾನದ ಬಿಡಿಭಾಗಗಳ ಅಧ್ಯಯನವನ್ನು ಪ್ರಕಟಿಸಿದರು. ವಯಸ್ಸಾದಂತೆ ಕೆಡುವ ಲಕ್ಷಣ ಕಂಡದ್ದು ಶೇ 11ರಷ್ಟು ಭಾಗಗಳಲ್ಲಿ ಮಾತ್ರ. ಬಹುಪಾಲು ಭಾಗಗಳು ಹೊಸದಾಗಿ ಕೂರಿಸಿದ ಆರಂಭದಲ್ಲೇ ಹೆಚ್ಚು ಕೆಡುತ್ತಿದ್ದವು. ವಿಮಾನದ ಲೆಕ್ಕ ಗಾಣಕ್ಕೆ ಹಾಗೆಯೇ ಒಪ್ಪುವುದಿಲ್ಲ. ಕಬ್ಬಿಗೆ ಉಜ್ಜುವ ಲೋಹ ಸವೆಯಲೇಬೇಕು, ಅದಕ್ಕೆ ಅವಧಿಯ ಲೆಕ್ಕವೇ ಸರಿ. ಆದರೆ ಚೆನ್ನಾಗಿ ಓಡುತ್ತಿರುವ ಬೇರಿಂಗ್, ಪಂಪು, ಗೇರ್ ಬಾಕ್ಸುಗಳನ್ನು ಸುಮ್ಮನೆ ಬಿಚ್ಚಬೇಡಿ. ಕಂಪನ, ತಾಪ, ಎಣ್ಣೆಯ ಪರೀಕ್ಷೆ ನೋಡಿ ನಿರ್ಧರಿಸಿ, ಆ ಅಳತೆಗಳನ್ನು ತಂತ್ರಾಂಶದಲ್ಲಿ ಏರಿಸುತ್ತ ಹೋಗಿ.

ಕಾನೂನಿನ ತಪಾಸಣೆಗಳನ್ನು ಮರೆಯದೆ ಸೇರಿಸಿ. 1923ರ ಬಾಯ್ಲರ್ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಕಾಯ್ದೆ ಬಂದಿದೆ. ಬಾಯ್ಲರ್ ಪ್ರಮಾಣಪತ್ರ, ಒತ್ತಡದ ಪಾತ್ರೆಗಳು, ಕ್ರೇನ್ ಮತ್ತು ಚೈನ್ ಬ್ಲಾಕುಗಳ ಅವಧಿ ಮುಗಿಯುವ 90 ದಿನ ಮೊದಲೇ ನೆನಪೋಲೆ ಬರುವಂತೆ ಮಾಡಿ.

ಕೆಲಸದ ಚೀಟಿ

‘ಪಂಪ್ ಪರಿಶೀಲಿಸಿ’ ಎಂದು ಬರೆದ ಚೀಟಿಗೆ ‘ಪರಿಶೀಲಿಸಿದೆ’ ಎಂಬ ಉತ್ತರವೇ ಬರುತ್ತದೆ. ‘ಡ್ರೈವ್ ಪಕ್ಕದ ಬೇರಿಂಗಿನ ತಾಪ ಅಳೆದು ಬರೆಯಿರಿ, ತಯಾರಕರು ಕೊಟ್ಟ ಮಿತಿ ಮೀರಿದ್ದರೆ ಪಾಳಿ ಎಂಜಿನಿಯರಿಗೆ ಫೋನ್ ಮಾಡಿ, ಗ್ಲ್ಯಾಂಡಿನಿಂದ ಹನಿ ಬೀಳುತ್ತಿದೆಯೇ ಧಾರೆ ಸುರಿಯುತ್ತಿದೆಯೇ ನೋಡಿ’ ಎಂದು ಬರೆದು ನೋಡಿ. ಮಿತಿಯ ಅಂಕಿ ಚೀಟಿಯಲ್ಲೇ ಇರಬೇಕು.

ಕೆಟ್ಟು ನಿಂತಾಗ ತುಂಬುವ ಚೀಟಿ ಇನ್ನೂ ಮುಖ್ಯ. ಮೂರು ಉತ್ತರ ಸಾಕು: ಏನು ಕಂಡಿತು, ಯಾಕಾಯಿತು, ಏನು ಮಾಡಿದಿರಿ. ಒಂದೊಂದಕ್ಕೂ ಎಂಟು ಹತ್ತು ಆಯ್ಕೆ ಮೀರಬಾರದು. ಐವತ್ತು ಆಯ್ಕೆ ಕೊಟ್ಟರೆ ಎಣ್ಣೆಗೈಯಲ್ಲಿ ಮೊಬೈಲ್ ಹಿಡಿದವನು ‘ಇತರೆ’ ಒತ್ತಿ ಹೊರಡುತ್ತಾನೆ, ಅವನದು ತಪ್ಪಲ್ಲ. ವಿವರವನ್ನು ಕನ್ನಡದಲ್ಲಿ ಮಾತಾಡಿ ಧ್ವನಿಯಾಗಿ ಸೇರಿಸಲು ಬಿಡಿ, ಒಡೆದ ಭಾಗದ ಫೋಟೊ ಕೇಳಿ. ನಾಲ್ಕು ಸಮಯಗಳನ್ನು ಮಾತ್ರ ಕಡ್ಡಾಯ ಮಾಡಿ: ನಿಂತದ್ದು, ಫಿಟ್ಟರ್ ತಲುಪಿದ್ದು, ಸ್ಪೇರ್ ಕೈಗೆ ಸಿಕ್ಕಿದ್ದು, ಮತ್ತೆ ಓಡಿದ್ದು.

ಈ ನಾಲ್ಕರ ಉಪಯೋಗ ನೋಡಿ. ಹಂಗಾಮು 150 ದಿನ, ಅಂದರೆ 3,600 ಗಂಟೆ ಎಂದುಕೊಳ್ಳೋಣ. ಒಂದು ಪಂಪು 6 ಸಲ ನಿಂತು ಒಟ್ಟು 18 ಗಂಟೆ ನುಂಗಿತು. ಓಡಿದ 3,582 ಗಂಟೆಯನ್ನು 6ರಿಂದ ಭಾಗಿಸಿದರೆ ಒಂದು ಕೆಡುವಿಕೆಯಿಂದ ಇನ್ನೊಂದಕ್ಕೆ ಸರಾಸರಿ 597 ಗಂಟೆ, ದುರಸ್ತಿಗೆ ಸರಾಸರಿ 3 ಗಂಟೆ. ಆ 3 ಗಂಟೆಯಲ್ಲಿ 2 ಗಂಟೆ ಸ್ಪೇರ್ ಹುಡುಕುವುದಕ್ಕೇ ಹೋಗಿದ್ದರೆ ನೀವು ಸರಿಪಡಿಸಬೇಕಾದದ್ದು ಸ್ಟೋರ್ಸನ್ನು. ಒಂದೇ ಬೇರಿಂಗ್ ಮೂರು ಹೆಸರಿನಲ್ಲಿ ಮೂರು ರ‍್ಯಾಕುಗಳಲ್ಲಿ ಕೂತಿರುವುದು ಅಲ್ಲಿ ಮಾಮೂಲು. ತಯಾರಕರ ಪಾರ್ಟ್ ನಂಬರಿನ ಮೇಲೆ ಅವನ್ನು ಒಂದಾಗಿಸಿ, ಯಾವ ಯಂತ್ರಕ್ಕೆ ಬೇಕೋ ಅದರೊಂದಿಗೆ ಜೋಡಿಸಿ. ತರಿಸಲು ತಿಂಗಳುಗಟ್ಟಲೆ ಹಿಡಿಯುವ ಭಾಗಕ್ಕೆ ಕನಿಷ್ಠ ದಾಸ್ತಾನು ಗೊತ್ತುಮಾಡಿ.

ಪರ್ಮಿಟ್ ಚೀಟಿ ಬೇರೆ ಕಡತದಲ್ಲಿದ್ದರೆ

1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ ಒಂದು ಪಂಪಿನ ಸುರಕ್ಷತಾ ವಾಲ್ವನ್ನು ಪರೀಕ್ಷೆಗೆಂದು ಬಿಚ್ಚಿ, ಆ ಜಾಗಕ್ಕೆ ಫ್ಲ್ಯಾಂಜ್ ಮುಚ್ಚಿದ್ದರು. ಕೆಲಸ ಸಂಜೆಗೆ ಮುಗಿಯಲಿಲ್ಲ. ರಾತ್ರಿ ಜೋಡಿ ಪಂಪು ನಿಂತಾಗ ಪಾಳಿಯವರು ಮೊದಲ ಪಂಪನ್ನು ಚಾಲೂ ಮಾಡಹೊರಟರು. ಪಂಪಿನ ದುರಸ್ತಿಯ ಪರ್ಮಿಟ್, ಅಂದರೆ ಕೆಲಸದ ಅನುಮತಿ ಚೀಟಿ, ಅವರ ಕಣ್ಣಿಗೆ ಬಿತ್ತು, ವಾಲ್ವಿನ ಪರ್ಮಿಟ್ ಬೇರೆಡೆ ಇದ್ದದ್ದರಿಂದ ಬೀಳಲಿಲ್ಲ. ಅನಿಲ ಸೋರಿ ಸ್ಫೋಟವಾಯಿತು. 167 ಜನ ಸತ್ತರು. ಲಾರ್ಡ್ ಕಲೆನ್ ತನಿಖಾ ವರದಿ 106 ಶಿಫಾರಸುಗಳನ್ನು ಮಾಡಿತು.

ಬಾಯ್ಲರ್ ಡ್ರಮ್ಮಿನೊಳಗೆ, ಕೇನ್ ಕ್ಯಾರಿಯರಿನ ಕೆಳಗೆ ಇಳಿಯುವ ನಮ್ಮ ಹುಡುಗರ ಜೀವವೂ ಅಂಥದೇ ಕಾಗದದ ಮೇಲೆ ನಿಂತಿದೆ. ಆದ್ದರಿಂದ ತಂತ್ರಾಂಶದಲ್ಲಿ ಒಂದು ಯಂತ್ರವನ್ನು ತೆರೆದರೆ ಅದರ ಮೇಲೆ ಜಾರಿಯಲ್ಲಿರುವ ಎಲ್ಲ ಪರ್ಮಿಟ್‌ಗಳೂ, ಅರ್ಧಕ್ಕೆ ನಿಂತ ಎಲ್ಲ ಕೆಲಸಗಳೂ ಒಂದೇ ಪುಟದಲ್ಲಿ ಕಾಣಬೇಕು. ಪಾಳಿ ಬದಲಾಗುವಾಗ ಆ ಪುಟವನ್ನು ಇಬ್ಬರೂ ಒಟ್ಟಿಗೆ ಓದಬೇಕು. ಸ್ವಿಚ್ಚಿಗೆ ಬೀಗ ಹಾಕುವ, ಬೀಗದ ಕೈ ಒಳಗಿಳಿದವನ ಜೇಬಿನಲ್ಲೇ ಇರುವ ಪದ್ಧತಿಯನ್ನು ಯಾವ ತಂತ್ರಾಂಶ ಬಂದರೂ ಬಿಡಬೇಡಿ.

ತಂತ್ರಾಂಶ ಕೊಳ್ಳುವ ಮುನ್ನ ನಾಲ್ಕು ಪರೀಕ್ಷೆ ಮಾಡಿ. ಮಿಲ್ ಹೌಸಿನೊಳಗೆ ಸಿಗ್ನಲ್ ಇಲ್ಲದಾಗಲೂ ಚೀಟಿ ತುಂಬಲು ಬರುತ್ತದೆಯೇ? ಕನ್ನಡದಲ್ಲಿ ಬರೆದದ್ದನ್ನು ಕನ್ನಡದಲ್ಲೇ ಹುಡುಕಿದರೆ ಸಿಗುತ್ತದೆಯೇ? ಒಪ್ಪಂದ ಮುಗಿದರೆ ನಿಮ್ಮ ದಾಖಲೆಯೆಲ್ಲ ಎಕ್ಸೆಲ್ ಕಡತವಾಗಿ ನಿಮ್ಮ ಕೈಗೆ ಬರುತ್ತದೆಯೇ? ಒಬ್ಬ ಫಿಟ್ಟರ್ ಒಂದು ಚೀಟಿಯನ್ನು ಎರಡು ನಿಮಿಷದಲ್ಲಿ ಮುಗಿಸಬಲ್ಲನೇ? ಕೊನೆಯ ಪರೀಕ್ಷೆಯನ್ನು ಮಾರುವವರ ಕೈಯಲ್ಲಿ ಮಾಡಿಸಬೇಡಿ, ನಿಮ್ಮ ಫಿಟ್ಟರ್ ಕೈಯಲ್ಲೇ ಮಾಡಿಸಿ.

ಹಂಗಾಮು ಶುರುವಾದ ಮೇಲೆ ವಾರಕ್ಕೊಮ್ಮೆ ಅರ್ಧ ಗಂಟೆ ಕೂರಿ. ಹೆಚ್ಚು ಹೊತ್ತು ನಿಲ್ಲಿಸಿದ ಐದು ಯಂತ್ರಗಳನ್ನೂ ಬಾಕಿ ಉಳಿದ ಕೆಲಸಗಳನ್ನೂ ನೋಡಿದರೆ ಸಾಕು. ಆ ಸಭೆಯಲ್ಲಿ ಚೀಟಿ ಬರೆದ ಫಿಟ್ಟರ್ ಇರಲಿ, ತಾನು ಬರೆದದ್ದನ್ನು ಮೇಲಿನವರು ಓದುತ್ತಾರೆ ಎಂದು ಕಂಡವನು ಮುಂದಿನ ಚೀಟಿಯನ್ನು ಮನಸ್ಸಿಟ್ಟು ಬರೆಯುತ್ತಾನೆ. ಹಂಗಾಮು ಮುಗಿದಾಗ ಓವರ್‌ಹಾಲಿಂಗ್ ಪಟ್ಟಿಯನ್ನು ಹೋದ ವರ್ಷದ ಪಟ್ಟಿಯಿಂದ ನಕಲು ಮಾಡಬೇಡಿ, ಈ ಚೀಟಿಗಳಿಂದಲೇ ತೆಗೆಯಿರಿ.

ಎಲ್ಲ ಕೂಡಿಸಿದ ಮೇಲೆ ಕಬ್ಬಿಲ್ಲದೆ ಮಿಲ್ಲುಗಳನ್ನು ಓಡಿಸಿ ನೋಡುವ ಟ್ರಯಲ್ ದಿನ ಬರುತ್ತದೆ. ಗದ್ದಲ, ಪೂಜೆ, ಅತಿಥಿಗಳ ನಡುವೆಯೂ ಒಬ್ಬನನ್ನು ಅಳತೆಗೆಂದೇ ಬಿಡಿ. ಮೊದಲ ದರ್ಜೆಯ ಪ್ರತಿ ಯಂತ್ರದ ಕಂಪನ, ತಾಪ, ಆಂಪಿಯರ್ ಅಂದೇ ದಾಖಲಾಗಲಿ. ಕಬ್ಬು ಬಿದ್ದು ಪೂರ್ತಿ ಭಾರದಲ್ಲಿ ಓಡತೊಡಗಿದ ಮೊದಲ ವಾರ ಅದನ್ನೇ ಇನ್ನೊಮ್ಮೆ ಅಳೆಯಿರಿ. ಫೆಬ್ರವರಿಯ ಒಂದು ರಾತ್ರಿ 3ನೇ ಮಿಲ್ಲಿನ ಗೇರ್ ಬಾಕ್ಸ್ ಸದ್ದು ಬದಲಿಸಿದಾಗ ಪಾಳಿ ಎಂಜಿನಿಯರ್ ಹೋಲಿಸಿ ನೋಡುವುದು ಆ ಎರಡು ಅಂಕಿಗಳನ್ನೇ.