ಊಟ ಒಲ್ಲೆ ಎನ್ನುವ ಮಗು

"ಡಾಕ್ಟರ್, ನಮ್ಮ ಹುಡುಗ ಏನೂ ಉಣ್ಣಂಗಿಲ್ರೀ. ಹೊಟ್ಟಿ ಹಸಿಯೋ ಟಾನಿಕ್ ಒಂದು ಬರದು ಕೊಡ್ರಿ." ಹುಬ್ಬಳ್ಳಿ-ಧಾರವಾಡದ ಯಾವ ದವಾಖಾನೆಯಲ್ಲಿ ಕುಳಿತರೂ ಈ ಮಾತು ವಾರಕ್ಕೆ ನಾಲ್ಕಾರು ಸಲ ಕಿವಿಗೆ ಬೀಳುತ್ತದೆ. ಇಂಥ ಮಕ್ಕಳಲ್ಲಿ ಬಹುತೇಕರಿಗೆ ಟಾನಿಕ್ ಬೇಕಾಗಿರುವುದಿಲ್ಲ.

ಮೊದಲು ಒಂದು ಲೆಕ್ಕ. ಹುಟ್ಟುವಾಗ ಸುಮಾರು 3 ಕಿಲೊ ಇದ್ದ ಕೂಸು ವರ್ಷ ತುಂಬುವಷ್ಟರಲ್ಲಿ 9 ಕಿಲೊ ಆಗುತ್ತದೆ. ಎರಡು ವರ್ಷದ ನಂತರ ಅದರ ತೂಕ ವರ್ಷಕ್ಕೆ ಹೆಚ್ಚುವುದು ಸುಮಾರು 2 ಕಿಲೊ ಮಾತ್ರ. ಬೆಳವಣಿಗೆಯ ವೇಗ ಇಳಿದಾಗ ಹಸಿವೂ ಇಳಿಯುವುದು ಸಹಜ. ಆದ್ದರಿಂದ ಮಗುವಿನ ತಾಟು ನೋಡಿ ಗಾಬರಿಯಾಗುವ ಮೊದಲು ತೂಕ ನೋಡಿಸಿರಿ. ತೂಕ ವಯಸ್ಸಿಗೆ ತಕ್ಕಂತೆ ಏರುತ್ತಿದ್ದು ಮಗು ಆಡಿಕೊಂಡಿದ್ದರೆ, ಅದು ತನಗೆ ಬೇಕಾದಷ್ಟು ಉಣ್ಣುತ್ತಿದೆ ಎಂದೇ ಅರ್ಥ.

ಉಳಿದ ಮಕ್ಕಳ ದಿನಚರಿ ಕೇಳಿದರೆ ಕಾರಣ ತಾನಾಗಿಯೇ ಹೊರಬೀಳುತ್ತದೆ. ಮುಂಜಾನೆ ಎದ್ದ ಕೂಡಲೇ ಚಹಾ, ಅದರಲ್ಲಿ ಅದ್ದಿದ ಖಾರಿ ಇಲ್ಲವೆ ಬಿಸ್ಕಿಟ್. ಶಾಲೆಯ ಗಡಿಬಿಡಿಯಲ್ಲಿ ನಾಷ್ಟಾ ಅರ್ಧಕ್ಕೇ ಮುಗಿಯುತ್ತದೆ. ಕಟ್ಟಿಕೊಟ್ಟ ಡಬ್ಬಿ ಹೋದ ಹಾಗೆಯೇ ತಿರುಗಿ ಬರುತ್ತದೆ. ಸಂಜೆ ಅಂಗಡಿಯ ಐದು ರೂಪಾಯಿ ಪಾಕೀಟು, ಮತ್ತೆ ಚಹಾ. ರಾತ್ರಿ ಎಂಟಕ್ಕೆ ರೊಟ್ಟಿ-ಪಲ್ಯ ಮುಂದಿಟ್ಟರೆ "ಒಲ್ಲೆ". ಇದು ಹಸಿವು ಕೆಟ್ಟ ರೋಗವಲ್ಲ. ಇದ್ದ ಹಸಿವು ದಿನವಿಡೀ ಚಿಲ್ಲರೆ ಖರ್ಚಾಗಿ ಹೋಗಿದೆ, ಅಷ್ಟೆ.

ಇದರಲ್ಲಿ ಚಹಾದ ಪಾತ್ರ ದೊಡ್ಡದು. "ಹಾಲು ಹಾಕೇ ಮಾಡೀನ್ರಿ" ಎಂದು ತಾಯಂದಿರು ಹೇಳುವುದುಂಟು. ಆದರೆ ಚಹಾದಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ, ಆಹಾರದಲ್ಲಿನ ಕಬ್ಬಿಣವನ್ನು ಕರುಳು ಹೀರಿಕೊಳ್ಳದಂತೆ ತಡೆಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 65.5ರಷ್ಟು ಮಂದಿಗೆ ರಕ್ತಹೀನತೆಯಿತ್ತು. ರಕ್ತ ಕಡಿಮೆಯಾದ ಮಗು ಬೇಗ ದಣಿಯುತ್ತದೆ, ಪಾಠದಲ್ಲಿ ಲಕ್ಷ್ಯ ಇರುವುದಿಲ್ಲ, ಮೇಲಾಗಿ ಹಸಿವೂ ಕುಗ್ಗುತ್ತದೆ. ಉಣ್ಣದ್ದರಿಂದ ರಕ್ತ ಕಡಿಮೆ, ರಕ್ತ ಕಡಿಮೆಯಾದ್ದರಿಂದ ಊಟ ಬೇಡ. ಮಕ್ಕಳಿಗೆ ಚಹಾ ಕೊಡದಿರುವುದೇ ಲೇಸು. ಹಾಲು ಒಳ್ಳೆಯದಾದರೂ ದಿನಕ್ಕೆ ಅರ್ಧ ಲೀಟರಿನ ಮೇಲೆ ಹೋದರೆ ಅದೇ ಹೊಟ್ಟೆ ತುಂಬಿಸಿ ಊಟವನ್ನು ಹೊರಗಿಡುತ್ತದೆ.

ಹಾಗಾದರೆ ಮಾಡುವುದೇನು? ಏನು ಉಣ್ಣಬೇಕು, ಯಾವ ಹೊತ್ತಿಗೆ ಉಣ್ಣಬೇಕು ಎಂಬುದನ್ನು ಪಾಲಕರು ಗೊತ್ತುಮಾಡಲಿ. ಎಷ್ಟು ಉಣ್ಣಬೇಕೆಂಬುದನ್ನು ಮಗುವಿಗೇ ಬಿಡಿರಿ. ಎರಡು ಊಟಗಳ ನಡುವೆ ಎರಡೂವರೆ-ಮೂರು ತಾಸು ನೀರಿನ ಹೊರತು ಏನೂ ಬೇಡ. ಮೊದಲ ನಾಲ್ಕು ದಿನ ಮಗು ಹಟ ಮಾಡುತ್ತದೆ, ಅಜ್ಜಿಯ ಕರುಳು ಚುರ್ ಎನ್ನುತ್ತದೆ, ಬಿಸ್ಕಿಟಿನ ಡಬ್ಬಿ ತೆರೆಯುತ್ತದೆ! ಆದ್ದರಿಂದ ಮೊದಲು ಮನೆಯ ಹಿರಿಯರಿಗೆ ತಿಳಿಸಿ ಹೇಳಬೇಕು. ಬಡಿದು, ಮೂಗು ಹಿಡಿದು, ಮೊಬೈಲು ತೋರಿಸಿ ತುತ್ತು ತುರುಕುವುದು ಬೇಡವೇ ಬೇಡ. ಹೊಸ ಪಲ್ಯವೊಂದನ್ನು ಮಗು ಒಪ್ಪಲು ಎಂಟು-ಹತ್ತು ಸಲ, ಕೆಲವೊಮ್ಮೆ ಹದಿನೈದು ಸಲ ಅದರ ಮುಂದೆ ಬರಬೇಕಾಗುತ್ತದೆ. ನಾವು ಎರಡನೇ ಸಲಕ್ಕೇ "ಇವಗ ಮೆಂತ್ಯ ಸೇರಂಗಿಲ್ಲ" ಎಂದು ತೀರ್ಪು ಕೊಟ್ಟುಬಿಡುತ್ತೇವೆ, ಅದೂ ಮಗುವಿನ ಎದುರಿಗೇ.

ದುಬಾರಿ ಡಬ್ಬದ ಪುಡಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ನಮ್ಮ ಭಾಗದ ಜೋಳದ ರೊಟ್ಟಿ, ಹೆಸರುಕಾಳು ಇಲ್ಲವೆ ಮಡಕಿಕಾಳಿನ ಪಲ್ಯ, ಸೊಪ್ಪು, ಶೇಂಗಾ ಚಟ್ನಿ, ಮೊಸರು ಸೇರಿದರೆ ಅದು ಯಾವ ಪುಸ್ತಕದ ಊಟಕ್ಕೂ ಕಡಿಮೆಯಲ್ಲ. ಕಾಳಿನ ಪಲ್ಯದ ಮೇಲೆ ಲಿಂಬೆ ಹಿಂಡಿದರೆ ಕಬ್ಬಿಣ ಮೈಗೆ ಹೆಚ್ಚು ಹತ್ತುತ್ತದೆ. ಖಾರ ಮಾತ್ರ ಮಗುವಿನ ನಾಲಿಗೆಗೆ ತಕ್ಕಷ್ಟಿರಲಿ. ನಾಲ್ಕು ವರ್ಷದೊಳಗಿನವರಿಗೆ ಇಡೀ ಶೇಂಗಾ ಕೊಡಬೇಡಿರಿ, ಉಸಿರುನಾಳದಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಪುಡಿ ಮಾಡಿ ಕೊಡಿರಿ. ಸಂಜೆಗೆ ಚುರುಮುರಿಗೆ ಉಳ್ಳಾಗಡ್ಡಿ, ಟೊಮ್ಯಾಟೊ, ಪುಟಾಣಿ ಬೆರೆಸಿದರೆ ಸಾಕು. ಗಿರ್ಮಿಟ್ಟಿನ ಬಗ್ಗೆ ನನ್ನ ತಕರಾರಿಲ್ಲ, ಜೊತೆಗೆ ಬರುವ ಮಿರ್ಚಿಯದೇ ತಕರಾರು.

ಶಾಲೆಯ ಡಬ್ಬಿ ತಿರುಗಿ ಬರುವುದು ಹೆಚ್ಚಾಗಿ ರುಚಿಯ ದೋಷದಿಂದಲ್ಲ. ಮುಂಜಾನೆ ಕಟ್ಟಿದ ರೊಟ್ಟಿ ಮಧ್ಯಾಹ್ನಕ್ಕೆ ಬಿರುಸಾಗಿರುತ್ತದೆ, ಬಿಡುವು ಸ್ವಲ್ಪ, ಆಟದ ಸೆಳೆತ ಬಹಳ. ಪಲ್ಯ ಒಳಗಿಟ್ಟು ಸುತ್ತಿದ ಮೆತ್ತನೆಯ ಚಪಾತಿ, ಗಜ್ಜರಿ ತುರಿದು ಹಾಕಿದ ಮೊಸರನ್ನ ಬೇಗ ಖಾಲಿಯಾಗುತ್ತವೆ. ಮುಚ್ಚಳ ಮಗುವಿಗೆ ತೆಗೆಯಲು ಬರುತ್ತದೆಯೇ ಎಂಬುದನ್ನೂ ಒಮ್ಮೆ ನೋಡಿರಿ.

ಸರಕಾರಿ ಶಾಲೆಗಳ ಬಿಸಿಯೂಟವನ್ನು ಹಗುರವಾಗಿ ಕಾಣುವವರಿದ್ದಾರೆ. ಪ್ರಾಥಮಿಕ ತರಗತಿಗಳಿಗೆ ಅದರ ನಿಗದಿತ ಪ್ರಮಾಣ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು. 2013ರಿಂದ ಹಾಲು ಸೇರಿತು. ವಾರಕ್ಕೆ ಎರಡು ದಿನವಿದ್ದ ಮೊಟ್ಟೆಯನ್ನು 2024ರಲ್ಲಿ ಆರು ದಿನಕ್ಕೆ ವಿಸ್ತರಿಸಲಾಯಿತು, ಒಲ್ಲದವರಿಗೆ ಬಾಳೆಹಣ್ಣು. ಮನೆಯಲ್ಲಿ ಗಜ್ಜರಿ ಆರಿಸಿ ಹೊರಗಿಡುವ ಹುಡುಗ ಅಲ್ಲಿ ಗೆಳೆಯರ ಸಾಲಿನಲ್ಲಿ ಕುಳಿತು ಅದನ್ನೇ ಉಣ್ಣುತ್ತಾನೆ. ಮನೆಯಲ್ಲೂ ರಾತ್ರಿಯದೊಂದು ಊಟವನ್ನಾದರೂ ಟಿ.ವಿ. ಆರಿಸಿ ಎಲ್ಲರೂ ಕೂಡಿ ಮಾಡಿದರೆ ಅದೇ ಗುಣ ಕಾಣುತ್ತದೆ.

ಇಷ್ಟಾದರೂ ತೂಕ ಏರದಿದ್ದರೆ, ಕಣ್ಣಿನ ಒಳರೆಪ್ಪೆ ಬಿಳಿಚಿದ್ದರೆ, ಮಗು ಮಣ್ಣು-ಸುಣ್ಣ ತಿನ್ನುತ್ತಿದ್ದರೆ, ಜ್ವರ ಇಲ್ಲವೆ ಕೆಮ್ಮು ಎರಡು ವಾರ ದಾಟಿದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ರಕ್ತ ಪರೀಕ್ಷೆ ಆಗಬೇಕು. ಶಾಲೆ-ಅಂಗನವಾಡಿಗಳಲ್ಲಿ ಪುಕ್ಕಟೆ ಕೊಡುವ ಜಂತುಹುಳದ ಮಾತ್ರೆಯನ್ನು ಮಗು ತೆಗೆದುಕೊಂಡಿದೆಯೇ ಎಂಬುದನ್ನೂ ಆಗ ತಪ್ಪದೆ ಹೇಳಿರಿ.